ಕುರುಗೋಡಿನ ಪರದೆಯ ಮೇಲೊಂದು ನೇರಳೆ ಕಲೆ

ಬಳ್ಳಾರಿ ಕೌಲ್ ಬಜಾರಿನ ಇಲಿಯಾಸನಿಗೆ ಈ ಜಗತ್ತಿನಲ್ಲಿ ನಂಬಿಕೆ ಇದ್ದದ್ದು ಒಂದರ ಮೇಲೆ ಮಾತ್ರ. ಅದು ಅವನ ಪ್ಯಾಂಟಿನ ಎಡಗಡೆಯ ಜೇಬು. ಹಳೇ ವಿಡಿಯೋ ಗೇಮ್ ಪೆಟ್ಟಿಗೆಗಳ ಮಾನಿಟರ್ ರಿಪೇರಿ ಮಾಡುವವನು ಕರೆಂಟಿರುವಾಗ ಒಳಗೆ ಒಂದೇ ಕೈ ಹಾಕಬೇಕು, ಇನ್ನೊಂದು ಕೈ ಜೇಬಿನಲ್ಲಿರಬೇಕು. ಎರಡೂ ಕೈ ಹಾಕಿದರೆ ಕರೆಂಟು ಒಂದರಿಂದ ಒಳಗೆ ಬಂದು, ದಾರಿಯಲ್ಲಿ ಎದೆಯನ್ನು ಮಾತಾಡಿಸಿಕೊಂಡು, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಬ್ರೂಸ್‌ಪೇಟೆಯ ರೇಡಿಯೋ ಅಂಗಡಿಯ ಉಸ್ತಾದರು ಈ ಪಾಠ ಹೇಳಿದಾಗ ಇಲಿಯಾಸನಿಗೆ ಹದಿನಾರು. ಈಗ ಐವತ್ತಾರು. ನಲವತ್ತು ವರ್ಷದಲ್ಲಿ ಎಡಗೈ ಜೇಬಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಮದುವೆ ಮನೆಯಲ್ಲಿ ಅಪ್ಪಿಕೊಳ್ಳಲು ಬಂದವರನ್ನೂ ಅವನು ಒಂದೇ ಕೈಯಲ್ಲಿ ಅಪ್ಪುತ್ತಿದ್ದ. ‘ಆ ಜೇಬಿನಾಗ ಏನಿಟ್ಟಾನೋ ಏನೋ’ ಎಂದು ನೆಂಟರಿಷ್ಟರಿಗೂ ಅವನ ಮೇಲೆ ಒಂದು ಕಣ್ಣು.

ಉಸ್ತಾದರ ಎರಡನೇ ಪಾಠ ಇನ್ನೂ ಅಪಾಯದ್ದು. “ಎಲ್ಲಾರೂ ಯಾವುದನ್ನ ಚಲೋ ಐತಿ ಅಂತಾರೋ, ಮದಲ ಅದರ ಮ್ಯಾಲ ಅನುಮಾನ ಪಡು.” ಮಾನಿಟರಿನ ಮಟ್ಟಿಗೆ ಇದು ಖರೆ. ನೋಡಲು ಗುಂಡಗೆ, ತಣ್ಣಗೆ, ಸಂಭಾವಿತನಂತೆ ಕೂತ ಕೆಪಾಸಿಟರೇ ಒಳಗೆ ಒಣಗಿ ಚಿತ್ರವನ್ನು ನಡುಗಿಸುತ್ತಿರುತ್ತದೆ. ನಮ್ಮಂಥವರು ಟಿ.ವಿ. ಕೆಟ್ಟರೆ ನೆತ್ತಿಗೆ ಎರಡೇಟು ಹಾಕಿ, ಮೂರನೆಯದನ್ನು ಮಕ್ಕಳಿಗೆ ಹಾಕಿ ಸುಮ್ಮನಾಗುತ್ತೇವೆ. ಇಲಿಯಾಸ್ ಹಾಗಲ್ಲ. ಹಳೇ ಸೌಟಿನ ಮರದ ಹಿಡಿಯಿಂದ ಒಂದೊಂದೇ ಬೆಸುಗೆಯನ್ನು ತಟ್ಟಿ, ಯಾವುದು ಬೆಚ್ಚುತ್ತದೆ ಎಂದು ಠಾಣೆಯ ಸಾಹೇಬರಂತೆ ನೋಡುತ್ತಿದ್ದ. ತೊಂದರೆಯೆಂದರೆ, ಈ ಪಾಠವನ್ನು ಅವನು ಸಂಸಾರಕ್ಕೂ ಎಳೆದು ತಂದಿದ್ದ. ಹಾಲಿನವನು ‘ಚಲೋ ಹಾಲು’ ಅಂದ ದಿನವೇ ಹಾಲನ್ನು ಬಲ್ಬಿನ ಬೆಳಕಿಗೆ ಹಿಡಿಯುತ್ತಿದ್ದ.

ಗಿರಾಕಿಗಳ ಮೇಲಂತೂ ಕೇಳುವುದೇ ಬೇಡ. ತಾನು ರಿಪೇರಿ ಮಾಡಿ ಕೊಟ್ಟ ಮೇಲೆ ಯಾರಾದರೂ ಒಳಗಿನ ಸಾಮಾನು ಬದಲಿಸಿ ತಪ್ಪನ್ನು ತನ್ನ ಮೇಲೆ ಹಾಕಿದರೆ? ಅದಕ್ಕೇ ಪಿಕ್ಚರ್ ಟ್ಯೂಬಿನಿಂದ ಹಿಡಿದು ಸಣ್ಣ ಸ್ಕ್ರೂವಿನವರೆಗೆ ಪ್ರತಿಯೊಂದಕ್ಕೂ ಉಗುರು ಬಣ್ಣದ ಒಂದು ಗುಟ್ಟಿನ ಚುಕ್ಕೆ ಇಡುತ್ತಿದ್ದ. ಹೆಂಡತಿ ಮುನ್ನಿಗೆ ಅವನ ಜೇಬಿನಲ್ಲಿ ಮೊದಲ ಸಲ ಗುಲಾಬಿ ಬಣ್ಣದ ಆ ಶೀಷೆ ಸಿಕ್ಕಾಗ ಮನೆಯಲ್ಲಿ ಎರಡು ದಿನ ಒಲೆ ಹತ್ತಿರಲಿಲ್ಲ.

ಒಂದು ಕಾಲಕ್ಕೆ ಬಳ್ಳಾರಿಯ ಗಲ್ಲಿಗೊಂದು ಗೇಮ್ ಪಾರ್ಲರ್ ಇತ್ತು. ಈಗ ಸುತ್ತಮುತ್ತ ಎಲ್ಲ ಸೇರಿಸಿದರೆ ಹನ್ನೊಂದು ಪೆಟ್ಟಿಗೆ ಉಳಿದಿದ್ದವು. ಅದರಲ್ಲೊಂದು ಕುರುಗೋಡಿನ ಕೊಟ್ರಮ್ಮನ ಹೋಟೆಲ್ಲಿನಲ್ಲಿತ್ತು. ತೀರಿಕೊಂಡ ಗಂಡ ಇಪ್ಪತ್ತೈದು ವರ್ಷದ ಹಿಂದೆ ತಂದಿಟ್ಟಿದ್ದ ಗುದ್ದಾಟದ ಆಟ. ಅವತ್ತು ಆಡುತ್ತಿದ್ದವರೇ ಇವತ್ತೂ, ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದು, ಮಿರ್ಚಿ ಬೇಯುವವರೆಗೆ ಒಂದಾಟ ಗುದ್ದಾಡಿ ಹೋಗುತ್ತಿದ್ದರು.

ಆ ಪೆಟ್ಟಿಗೆಯನ್ನು ಪೂರ್ತಿ ರಿಪೇರಿ ಮಾಡಿ ಕೊಟ್ಟು ತಿಂಗಳಾಗಿರಲಿಲ್ಲ, ಕೊಟ್ರಮ್ಮನ ಫೋನ್ ಬಂತು.

“ಇಲಿಯಾಸ್ ಸಾಬ್ರ, ಪರದಿ ಎಡಗಡೆ ನೇರಳೆಹಣ್ಣು ಜಜ್ಜಿದಂಗ ಕಲಿ ಬಂದೈತ್ರಿ.”

“ನಾಳೆ ಹತ್ತಕ್ಕ ಬರ್ತೀನಿ ಯಕ್ಕಾ.”

ಹೋದ. ಆರಿಸಿಟ್ಟಿದ್ದ ಪೆಟ್ಟಿಗೆಯ ಸ್ವಿಚ್ ಒತ್ತಿದ. ತಣ್ಣಗಿರುವ ಮಾನಿಟರಿಗೆ ಕರೆಂಟು ಕೊಟ್ಟಾಗ ಟ್ಯೂಬಿನ ಸುತ್ತಲಿನ ತಂತಿಯ ಬಳೆ ‘ಝುಂಯ್’ ಎಂದು ಪರದೆಗೆ ಹತ್ತಿದ ಆಯಸ್ಕಾಂತದ ಸೋಂಕನ್ನು ಒರೆಸಿ ಹಾಕುತ್ತದೆ. ಝುಂಯ್ ಎಂದಿತು. ಚಿತ್ರ ತೊಳೆದಿಟ್ಟ ತಟ್ಟೆಯ ಹಾಗಿತ್ತು.

“ಎಲ್ಲೈತ್ರಿ ಕಲಿ?”

“ನಿನ್ನೆ ಇತ್ತು ನೋಡ್ರಿ!”

ಇಂಥ ಕಲೆಗೆ ಆಯಸ್ಕಾಂತವೇ ಕಾರಣವೆಂದು ಇಲಿಯಾಸನಿಗೆ ನಿದ್ದೆಯಲ್ಲೂ ಗೊತ್ತು. “ಯಕ್ಕಾ, ಇದರ ಹತ್ರ ಸ್ಪೀಕರು, ಆಯಸ್ಕಾಂತ ಏನರ ಇಟ್ಟೀರೇನು?” ಎಂದ. “ಅಯ್ಯ, ಚಹಾದ ಹೋಟೆಲ್ನಾಗ ಅದೆಲ್ಲಿಂದ ಬರಬೇಕ್ರಿ?” ಎಂದಳು ಕೊಟ್ರಮ್ಮ. ಒಳಗೆ ಇಣುಕಿ ನೋಡಿದ, ಏನೂ ಇರಲಿಲ್ಲ. ಜೀವಮಾನದಲ್ಲಿ ಇಲಿಯಾಸ್ ಒಬ್ಬರ ಮಾತನ್ನು ನಂಬಿದ್ದು ಅದೊಂದೇ ಸಲ. ಅಲ್ಲೇ ಎಡವಿದ.

ಅವನು ಬಸ್ ಹತ್ತಿದ್ದೇ ತಡ, ಕಲೆ ಮತ್ತೆ ಬಂತು. ಇನ್ನೊಮ್ಮೆ ಫೋನು, ಇನ್ನೊಮ್ಮೆ ಬಸ್ಸು, ಇನ್ನೊಮ್ಮೆ ಝುಂಯ್, ಪರದೆ ಮತ್ತೆ ಸ್ವಚ್ಛ. ಈ ಸಲ ಹಿಂದಿನ ಹಲಗೆ ಬಿಚ್ಚಿ ಗುಲಾಬಿ ಚುಕ್ಕೆಗಳನ್ನು ಎಣಿಸಿದ. ನಲವತ್ತೊಂದೂ ಇದ್ದಲ್ಲೇ ಇದ್ದವು, ಯಾರೂ ಏನನ್ನೂ ಮುಟ್ಟಿರಲಿಲ್ಲ. ಅನುಮಾನದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ನಿರಾಸೆ ಇಲ್ಲ.

ಅಷ್ಟರಲ್ಲಿ ಸಿರುಗುಪ್ಪದ ಎರ್ರಣ್ಣ ನಡುವೆ ಬಂದ. ಇಬ್ಬರೂ ಒಂದೇ ಉಸ್ತಾದರ ಶಿಷ್ಯರು. ಆದರೆ ಎರ್ರಣ್ಣ ಈಗ ಹಳೇ ಟ್ಯೂಬು ಕಿತ್ತು ಚಪ್ಪಟೆ ಪರದೆ ಕೂಡಿಸುವ ಕಸುಬು ಹಿಡಿದಿದ್ದ. ಕೊಟ್ರಮ್ಮ ಅವನನ್ನು ಕೇಳಿದಳಂತೆ. ಅವನು, “ಅಸಲಿ ಟ್ಯೂಬ್ ತಗದು ಯಾವುದೋ ಸತ್ತ ಟಿ.ವಿ.ದು ಹಾಕ್ಯಾನ, ಅದಕ್ಕ ಕಲಿ ಬರ್ತೈತಿ” ಎಂದನಂತೆ. ಸೋಮವಾರ ಬಂದು ಟ್ಯೂಬನ್ನೇ ಕಿತ್ತೊಗೆಯುವ ಮಾತಾಗಿತ್ತು.

ಮಾನಿಟರಿನ ಕಸುಬಿನಲ್ಲಿ ಕೈ ಸುಟ್ಟುಕೊಳ್ಳಬಹುದು, ಕಣ್ಣು ಕೆಡಿಸಿಕೊಳ್ಳಬಹುದು, ‘ಸಾಮಾನು ಬದಲಿಸಿದವನು’ ಎಂಬ ಹೆಸರು ಮಾತ್ರ ಬರಬಾರದು. ಬಂದರೆ ಅಂಗಡಿಗೆ ಬೀಗ. ಆಗಲೇ ಆ ಹನ್ನೊಂದು ಪೆಟ್ಟಿಗೆಗಳ ಮಾಲೀಕರಲ್ಲಿ ಇಬ್ಬರು ಫೋನ್ ಮಾಡಿ, “ನಮ್ಮ ಪೆಟ್ಟಿಗಿ ಸದ್ಯಕ್ಕ ಬಿಚ್ಚಬ್ಯಾಡ” ಅಂದಿದ್ದರು. ಸೋಮವಾರ ಟ್ಯೂಬು ಹೊರಗೆ ಬಿತ್ತೆಂದರೆ ತಾನು ಕಳ್ಳನಲ್ಲ ಎಂದು ತೋರಿಸಲು ಸಾಕ್ಷಿಯೂ ಇರುವುದಿಲ್ಲ.

ಭಾನುವಾರ ಊಟಕ್ಕೆ ಕೂತಾಗ ಮುನ್ನಿ ಕೇಳಿದಳು, “ಆ ಕೊಟ್ರಮ್ಮಗ ಫೋನಿನಾಗ ಇಷ್ಟೊತ್ತಿಗೆ ಬರ್ತೀನಿ ಅಂತ ಹೇಳಿ ಹೋಗ್ತೀರಲ್ಲ, ಯಾಕ?”

“ಮರ್ಯಾದಿ ಅಂತ ಒಂದಿರ್ತೈತಿ.”

“ಕಳ್ಳನ್ನ ಹಿಡ್ಯಾಕ ಹೋಗೋ ಪೊಲೀಸಪ್ಪ ಫೋನ್ ಮಾಡಿ ಹೋಗ್ತಾನೇನ್ರಿ?”

ಇಲಿಯಾಸ್ ತುತ್ತು ಕೆಳಗಿಟ್ಟ. “ಈ ಬುದ್ಧಿ ಎಲ್ಲಿ ಕಲ್ತಿ?”

“ಉಗುರು ಬಣ್ಣ ಸಿಕ್ಕ ಮ್ಯಾಲ ಒಂದು ವರ್ಷ ನಿಮ್ಮ ಅಂಗಡಿಗಿ ಹೇಳದ ಕೇಳದ ಬರ್ತಿದ್ನಲ್ಲ, ಸುಮ್ನ ಅಂದ್ಕೊಂಡ್ರೇನು?”

ಸೋಮವಾರ ಬೆಳಿಗ್ಗೆ ಇಲಿಯಾಸ್ ಗುರುತು ಸಿಗಬಾರದೆಂದು ಮಂಕಿ ಟೋಪಿ ಹಾಕಿ, ಮೇಲೊಂದು ಮಫ್ಲರ್ ಸುತ್ತಿ ಕುರುಗೋಡಿನ ಬಸ್ ಹತ್ತಿದ. ಬಳ್ಳಾರಿಯ ಬಿಸಿಲಿನಲ್ಲಿ ಆ ವೇಷ ಎಷ್ಟು ಗುಟ್ಟಾಗಿತ್ತೆಂದರೆ ಕಂಡಕ್ಟರನೇ, “ಇಲಿಯಾಸಣ್ಣ, ಹಲ್ಲು ನೋವೇನು?” ಎಂದು ಟಿಕೆಟ್ ಹರಿದ.

ಹೋಟೆಲ್ಲಿನಲ್ಲಿ ಆಟೋ ಹಂಪೇಶ ಗುದ್ದಾಡುತ್ತಿದ್ದ. ಅವನ ಪೈಲ್ವಾನನ ಅರ್ಧ ಮುಖ ನೇರಳೆಯಾಗಿತ್ತು. ಪರದೆಯ ಎಡಮೂಲೆ, ಆಟಕ್ಕೆ ಕೊಳ್ಳುವ ಹಿತ್ತಾಳೆ ಬಿಲ್ಲೆ ಹಾಕುವ ಸಂದಿಯ ಪಕ್ಕದಲ್ಲೇ, ಅಂಗೈಯಗಲದ ಕಲೆ! ಇಲಿಯಾಸನಿಗೆ ಈದಿನ ಚಂದ್ರನನ್ನು ಕಂಡಷ್ಟು ಖುಷಿಯಾಗಿ ಟೋಪಿ ತೆಗೆದೇಬಿಟ್ಟ.

“ಅಯ್ಯ ಶಿವನ! ಸಾಬ್ರ, ಫೋನಿಲ್ಲ ಏನಿಲ್ಲ…” ಕೊಟ್ರಮ್ಮ ಮಿರ್ಚಿ ಎತ್ತುವ ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಓಡಿ ಬಂದಳು. ಹಂಪೇಶನನ್ನು ಪಕ್ಕಕ್ಕೆ ತಳ್ಳಿ, ಸ್ವಿಚ್ ಆರಿಸಿ, ಪಕ್ಕದ ಸಣ್ಣ ಬಾಗಿಲು ತೆಗೆದು ಒಳಗಿನಿಂದ ಏನನ್ನೋ ಕಿತ್ತು ಸೀರೆಯ ಉಡಿಯೊಳಗೆ ಸೇರಿಸಿದಳು.

“ಏನ್ರಿ ಅದು?”

“ಏನಿಲ್ಲ, ಜೇಡರ ಬಲಿ ಕಟ್ಟಿತ್ತು.”

ಅಷ್ಟರಲ್ಲಿ ಸೊಂಟದಲ್ಲಿ ತೂಗುತ್ತಿದ್ದ ಅವಳ ಕೀಲಿ ಗೊಂಚಲು ತಾನಾಗಿಯೇ ಎದ್ದು ‘ಟಕ್’ ಎಂದು ಉಡಿಗೆ ಅಂಟಿಕೊಂಡಿತು. ಅವಳು ಕಿತ್ತು ಬಿಟ್ಟಳು. ಅದು ಮತ್ತೆ ಹೋಗಿ ಅಂಟಿತು. ಇಲಿಯಾಸ್ ಕೀಲಿಯನ್ನು ನೋಡಿದ, ಅವಳನ್ನು ನೋಡಿದ, ಬಾಯಿ ತೆಗೆದ. ಅದು ಮಾತಾಗುವ ಮೊದಲೇ ಅವಳು ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

ಉಡಿಯಿಂದ ಹೊರಬಂದದ್ದು ಕೆಟ್ಟ ಲೌಡ್‌ಸ್ಪೀಕರಿನ ಆಯಸ್ಕಾಂತ. ಸಣ್ಣ ರೊಟ್ಟಿಯಷ್ಟಿತ್ತು.

“ನಮ್ಮ ಹಿತ್ತಾಳಿ ಬಿಲ್ಲಿ ಬದ್ಲಿ ಕಬ್ಬಿಣದ ವಾಷರ್ ಹಾಕಿ ಆಡ್ತಾರ್ರಿ, ಹಲ್ಕಟ್ಗಳು,” ಎಂದು ಕೊಟ್ರಮ್ಮ ಪಿಸುಗುಟ್ಟಿದಳು. “ಇದನ್ನ ಸಂದಿ ಬಾಜೂಕ ಕಟ್ಟಿದ ಮ್ಯಾಲ ವಾಷರ್ ಅಲ್ಲೇ ಹಿಡ್ಕೊಂತೈತಿ, ಆಟ ಸುರು ಆಗಂಗಿಲ್ಲ. ಹಿತ್ತಾಳಿ ಸಲೀಸು ಇಳೀತೈತಿ.”

“ನಾ ಕೇಳಿದಾಗ ಯಾಕ ಹೇಳ್ಲಿಲ್ಲ? ನಾ ಬರೋ ದಿನಾ ಯಾಕ ಬಿಚ್ಚಿದ್ರಿ?”

“ಕಲಿ ಇದರಿಂದನ ಬರ್ತೈತಿ ಅಂತ ನನಗೇನ ಗೊತ್ರಿ? ನೀವು ಬಸ್ಸಿನಾಗ ಯಾರ ಮುಂದರ ಬಾಯಿ ಬಿಟ್ರ? ಈ ಹಂಪೇಶಗ ಗೊತ್ತಾದ್ರ ನಾಳೇನ ಅಲ್ಯೂಮಿನಿ ವಾಷರ್ ತರ್ತಾನ. ಯಾರನ್ನ ನಂಬಾಕ ಬರ್ತೈತ್ರಿ ಈ ಕಾಲ್ದಾಗ?”

ಇಲಿಯಾಸನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಗೌರವ. ನಲವತ್ತು ವರ್ಷದಲ್ಲಿ ತನ್ನ ಮಟ್ಟದ ಮನುಷ್ಯರು ಸಿಕ್ಕಿದ್ದು ಇದೇ ಮೊದಲು. ಆದರೂ ಹೇಳಿದ, “ಯಕ್ಕಾ, ನಿಮ್ಮ ಗುಟ್ಟು ಉಳಿಯಾಕ ನನ್ನ ಹೆಸರು ಹೋಗಾಕತ್ತೈತಿ. ಎರ್ರಣ್ಣ ಬಂದ ಮ್ಯಾಲ ಮಂದಿ ಮುಂದ ನೀವ ಹೇಳಬೇಕು, ಟ್ಯೂಬ್ ಬದಲಾಗಿಲ್ಲ ಅಂತ.”

“ಕಲಿ ಯಾಕ ಬಂತು ಅಂತ ಕೇಳಿದ್ರ?”

“ಮದಲ ಇದನ್ನ ಟ್ಯೂಬಿನಿಂದ ದೂರ ಕಟ್ಟೂಣು,” ಎಂದ ಇಲಿಯಾಸ್. ಕೊಟ್ರಮ್ಮ ಗಿರಾಕಿಗಳನ್ನೆಲ್ಲ ಹೊರಗಿನ ಬೆಂಚಿಗೆ ಕಳಿಸಿದಳು. ಇಲಿಯಾಸ್ ಆಯಸ್ಕಾಂತವನ್ನು ಬಿಲ್ಲೆ ಜಾರುವ ದಾರಿಯ ಕೆಳತುದಿಗೆ, ಟ್ಯೂಬಿನಿಂದ ಎರಡು ಮೊಳ ದೂರಕ್ಕೆ ಕಟ್ಟಿದ, ಎಡಗೈ ಜೇಬಿನಲ್ಲಿಟ್ಟುಕೊಂಡೇ. ಗಂಟಿಗೆ ಗುಲಾಬಿ ಚುಕ್ಕೆಯನ್ನೂ ಇಟ್ಟ.

ಹನ್ನೊಂದಕ್ಕೆ ಎರ್ರಣ್ಣ ಚಪ್ಪಟೆ ಪರದೆಯನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಬಂದ. ಬೆಂಚಿನವರೆಲ್ಲ ಹಿಂದೆಯೇ ಒಳಗೆ ನುಗ್ಗಿದರು. ಕೊಟ್ರಮ್ಮ ಸ್ವಿಚ್ ಒತ್ತಿದಳು. ಝುಂಯ್. ಕಲೆ ಇರಲಿಲ್ಲ.

“ಈಗಿರಂಗಿಲ್ಲ, ಸಾಬ ಹೋದ ಮ್ಯಾಲ ಬರ್ತೈತಿ,” ಎಂದ ಎರ್ರಣ್ಣ. “ಟ್ಯೂಬ್ ಬದಲಿ ಮಾಡ್ಯಾನ, ಕೇಳ್ರಿ ಅವನ್ನ.”

ಎಲ್ಲರೂ ಇಲಿಯಾಸನ ಕಡೆ ತಿರುಗಿದರು. ಒಂದೇ ಒಂದು ಮಾತು, ‘ಆಯಸ್ಕಾಂತ’ ಎಂದರೆ ಸಾಕು, ಹೆಸರು ಉಳಿಯುತ್ತಿತ್ತು. ಎದುರಿಗೇ ಹಂಪೇಶ ಕಿವಿ ಅಗಲಿಸಿಕೊಂಡು ನಿಂತಿದ್ದ. ಇಲಿಯಾಸ್ ಕೊಟ್ರಮ್ಮನನ್ನು ನೋಡಿದ. ಬಲಗೈಯನ್ನೂ ಜೇಬಿಗಿಳಿಸಿದ.

“ಸುಮ್ನಿರೋ ಎರ್ರಣ್ಣ,” ಎಂದಳು ಕೊಟ್ರಮ್ಮ. “ನಮ್ಮ ಮನಿಯವರು ತಂದಿಟ್ಟ ಟ್ಯೂಬ ಅದು. ನಾನ ನೋಡೀನಿ. ಸಾಬ್ರ ಮ್ಯಾಲ ನಿನ್ನ ಮಾತು ನಂಬಿದ್ದು ನಂದ ತಪ್ಪು.”

“ಹಂಗಾದ್ರ ಕಲಿ ಹೆಂಗ ಬಂತು?”

ಕೊಟ್ರಮ್ಮ ಒಂದು ಕ್ಷಣ ಬಾಣಲೆಯ ಕಡೆ ನೋಡಿದಳು. “ದೃಷ್ಟಿ ಆಗಿತ್ತಪ್ಪ. ಊರ ಮಂದಿ ಕಣ್ಣೆಲ್ಲ ಇದರ ಮ್ಯಾಲ. ಸಾಬ್ರು ಬಂದು ನಿಂಬಿಹಣ್ಣು ನಿವಾಳಿಸಿದ್ರು, ಹೋತು.”

“ಅದ ಮತ್ತ!” ಎಂದ ಹಂಪೇಶ. ಬೆಂಚಿನವರೆಲ್ಲ ತಲೆಯಾಡಿಸಿದರು. ಒಬ್ಬರಿಗೂ ಅನುಮಾನ ಬರಲಿಲ್ಲ.

ಇಲಿಯಾಸನ ನಲವತ್ತು ವರ್ಷದ ವಿದ್ಯೆ ಒಂದು ನಿಂಬೆಹಣ್ಣಿನ ಪಾಲಾಯಿತು. ಆದರೆ ಸಂಜೆಯೊಳಗೆ ಆ ಇಬ್ಬರೂ ಮಾಲೀಕರು ಫೋನ್ ಮಾಡಿ, ತಮ್ಮ ಪೆಟ್ಟಿಗೆಗಳನ್ನೂ ಒಮ್ಮೆ ನೋಡಬೇಕೆಂದರು. ಬರುವಾಗ ‘ಅದನ್ನೂ’ ತರಬೇಕಂತೆ.

ಅದಕ್ಕೂ ಮೊದಲು, ಬಸ್ ನಿಲ್ದಾಣದ ದಾರಿಯಲ್ಲಿ, ಎರ್ರಣ್ಣ ಪರದೆಯ ಗಂಟು ಹೊತ್ತುಕೊಂಡೇ ಹಿಂದೆ ಬಂದಿದ್ದ. “ಲೇ ಇಲಿಯಾಸ, ಒಬ್ಬ ಉಸ್ತಾದನ ಕೈಯಾಗ ಕಲ್ತವರು ನಾವು. ನನಗರ ಖರೇ ಹೇಳು, ಏನು ಮಾಡ್ದಿ?”

“ಕೇಳ್ಲಿಲ್ಲೇನು? ನಿಂಬಿಹಣ್ಣು.”

“ಎಂಥಾದ್ದು?”

“ಸ್ವಲ್ಪ ಮಾಗಿರಬೇಕು,” ಎಂದ ಇಲಿಯಾಸ್.

ಎರ್ರಣ್ಣ ನಂಬಲಿಲ್ಲ. ಸಿರುಗುಪ್ಪದ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಲಿಯಾಸ್ ಬಳ್ಳಾರಿ ಬಸ್ಸಿನ ಕಿಟಕಿಯ ಪಕ್ಕ ಕೂತು ನೋಡಿದಾಗ, ಎರ್ರಣ್ಣ ತರಕಾರಿ ಗಾಡಿಯ ಮುಂದೆ ನಿಂತು ಒಂದೊಂದೇ ನಿಂಬೆಹಣ್ಣನ್ನು ಎತ್ತಿ, ಹಿಚುಕಿ, ಬೆಳಕಿಗೆ ಹಿಡಿದು ನೋಡುತ್ತಿದ್ದ.