ಬಾರ್ಟ್ಲಿ ಫೀನಿ ಒಬ್ಬನೇ ನುಡಿಸಿದ್ದು

ಜರ್ಸಿ ಸಿಟಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಗೋಡೆಗಳಿಗೆ ಗುಟ್ಟು ಕಾಪಾಡುವ ಅಭ್ಯಾಸವಿರಲಿಲ್ಲ. ಮೇಲಿನ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಪಂಕಜಾ. ಕೆಳಗೆ ಬಾರ್ಟ್ಲಿ ಫೀನಿ ಎಂಬ ಐರಿಷ್ ಮುದುಕ, ಒಂಟಿ. ನಮ್ಮ ಒಗ್ಗರಣೆ ಘಾಟು ಆತನಿಗೆ, ಆತನ ಕೆಮ್ಮು ನಮಗೆ. 1986ರ ಚಳಿಗಾಲದಲ್ಲಿ ಮನೆಗೆ ಬಂದ ಮೊದಲ ವಾರವೇ ಮನೆ ಬೆಚ್ಚಗಿಡುವ ರೇಡಿಯೇಟರ್ ಕೊಳವೆಯ ಸದ್ದಿನ ಜೊತೆಗೆ ಇನ್ನೊಂದು ಸದ್ದೂ ಮೇಲೆ ಬಂತು. ನಾನು ಆಗಷ್ಟೇ ಮ್ಯಾನ್‌ಹ್ಯಾಟನ್ನಿನ ಕೆಲಸ ಮುಗಿಸಿ, ಟ್ರೈನಿನಲ್ಲಿ ನಿಂತೇ ಬಂದು, ಶೂ ಬಿಚ್ಚುವುದಕ್ಕೂ ಬೇಜಾರಾಗಿ ಕೂತಿದ್ದೆ. ಕೆಳಗೆ ಯಾರೋ ಪಿಟೀಲು ನುಡಿಸುತ್ತಿದ್ದರು.

ಪಿಟೀಲು ಅಂದರೆ ನನ್ನ ಕಿವಿ ನಿಮಿರಲು ಕಾರಣವಿದೆ. ಮೈಸೂರಿನಲ್ಲಿ ಆರು ವರ್ಷ ಕಲಿತವನು ನಾನು. ಎಂಜಿನಿಯರಿಂಗ್ ಸೀಟು ಸಿಕ್ಕ ದಿನ ಬಿಟ್ಟೆ. ಆದರೂ ನಾಚಿಕೆಯಿಲ್ಲದೆ ವಾದ್ಯವನ್ನು ಅಮೆರಿಕಕ್ಕೂ ಹೊತ್ತು ತಂದು ಮಂಚದ ಕೆಳಗೆ ತಳ್ಳಿದ್ದೆ. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಕೆಳಗಿಳಿದೆ. ಫೀನಿ ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಪಿಟೀಲನ್ನು ಗಲ್ಲಕ್ಕಲ್ಲ, ಎದೆಗೆ ಒತ್ತಿಕೊಂಡು ನುಡಿಸುತ್ತಿದ್ದ. ನಾನು ಆತನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ಒಂದು ವರ್ಣ ಕೊಯ್ದೆ. ಕೆಮ್ಮು ಬರುವವರೆಗೂ ನಕ್ಕ. ಆಮೇಲೆ, ಇನ್ನೊಂದು ಸಲ ನುಡಿಸು ಅಂದ. ಆತನ ಮಾತುಗಳನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆತನ ಇಂಗ್ಲಿಷು ನನಗೆ ಅರ್ಥವಾಗುವುದಕ್ಕೇ ಆರು ತಿಂಗಳು ಬೇಕಾಯಿತು.

ಮರುವರ್ಷ ನಮ್ಮ ಊರಿನಲ್ಲಿ ಇಂಡಿಯನ್ನರ ಮೇಲೆ ಕೈಮಾಡುವ ಪುಂಡರ ಕಾಟ ಹೆಚ್ಚಿತು. ಕುಂಕುಮ ಇಟ್ಟುಕೊಂಡು ಬೀದಿಗಿಳಿಯುವುದೇ ಹೆದರಿಕೆ. ಪಂಕಜಾ ಬ್ಯಾಗು ಹಿಡಿದು ಮೆಟ್ಟಿಲು ಇಳಿದಾಗಲೆಲ್ಲ ಫೀನಿ ಬಾಗಿಲು ತೆರೆದು, ಟೋಪಿ ಹಾಕಿಕೊಂಡು, ನನಗೂ ಆ ಕಡೆಯೇ ಕೆಲಸವಿದೆ ಅನ್ನುತ್ತಿದ್ದ. ಎಪ್ಪತ್ತೊಂಬತ್ತು ವರ್ಷದ ಕೀಲುನೋವಿನ ಮುದುಕನಿಗೆ ದಿನಾ ಜರ್ನಲ್ ಸ್ಕ್ವೇರ್ ಪೇಟೆಯಲ್ಲಿ ಅಂಥದೇನು ಕೆಲಸ? ಅಂಗಡಿಯ ಹೊರಗೆ ನಿಂತಿದ್ದು, ಅವಳ ಜೊತೆಯೇ ವಾಪಸು ಬರುತ್ತಿದ್ದ. ಒಂದು ದಿನವೂ ಆ ವಿಷಯ ಬಾಯಿ ಬಿಟ್ಟು ಆಡಲಿಲ್ಲ. ನಾನು ಆಡಲು ಹೋದರೆ ಹವಾಮಾನದ ಮಾತು ತೆಗೆಯುತ್ತಿದ್ದ.

ಆತನ ಕಥೆ ದೊಡ್ಡದೇನಲ್ಲ. ಐರ್ಲೆಂಡಿನ ಸ್ಲೈಗೊ ಕಡೆಯ ಒಂದು ಹಳ್ಳಿ. ಹತ್ತೊಂಬತ್ತನೇ ವಯಸ್ಸಿಗೆ ಹಡಗು. ಆಮೇಲೆ ಮೂವತ್ತೆಂಟು ವರ್ಷ ಹಡ್ಸನ್ ನದಿ ದಡದ ಗೂಡ್ಸ್ ಯಾರ್ಡಿನಲ್ಲಿ ಬ್ರೇಕುಗಾರನ ಕೆಲಸ, ಅಂದರೆ ಚಲಿಸುವ ಡಬ್ಬಿಗಳ ಮೇಲೆ ಹತ್ತಿ ಚಕ್ರ ತಿರುಗಿಸಿ ನಿಲ್ಲಿಸುವುದು. ಶನಿವಾರ ಐರಿಷರ ಡ್ಯಾನ್ಸ್ ಹಾಲುಗಳಲ್ಲಿ ನಾಲ್ಕು ಗಂಟೆ ಪಿಟೀಲು; ಸೋಮವಾರ ಮತ್ತೆ ಬ್ರೇಕು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ನೋರೀನ್ ಎಂಬ ಒಬ್ಬಳೇ ಮಗಳು, ಬೇಯಾನ್ ಊರಿನಲ್ಲಿ ನರ್ಸು. "ಎಲ್ಲದಕ್ಕೂ ಸುಸ್ತಾಗಿದೆ, ಎಂಜಿನಿಯರ್, ಕೂತು ಕೂತು ಸುಸ್ತಾಗಿದೆ" ಅನ್ನುತ್ತಿದ್ದ. ನನ್ನ ಹೆಸರು ದ್ವಾರಕಾನಾಥ. ಅದು ಆತನ ಬಾಯಲ್ಲಿ ತಿರುಗಲಿಲ್ಲ, ಎಂಜಿನಿಯರ್ ಅಂತಲೇ ಕರೆದ.

ಸಣ್ಣ ಕಥೆಯಲ್ಲಿ ಒಂದೇ ಒಂದು ದೊಡ್ಡ ದಿನ. 1934ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ನ್ಯೂಯಾರ್ಕಿನ ಒಂದು ಸಣ್ಣ ಗ್ರಾಮಫೋನ್ ಕಂಪನಿ ಫೀನಿಯನ್ನು ಕರೆಸಿ ಮೂರು ಪ್ಲೇಟು ತೆಗೆಯಿತು. ಮೂರರದ್ದು ಆರು ಮಗ್ಗುಲು, ಮಗ್ಗುಲಿಗೆ ಮೂರು ನಿಮಿಷ. ಜೊತೆಗೆ ಕಂಪನಿಯ ಸಂಬಳದ ಪಿಯಾನೊದವನು. ಆ ಪುಣ್ಯಾತ್ಮ ಬೆಳಿಗ್ಗೆ ಪೋಲಿಷ್ ಮದುವೆ ಹಾಡಿಗೆ ನುಡಿಸಿ, ಕಾಫಿ ಕುಡಿದು, ಮಧ್ಯಾಹ್ನ ಫೀನಿಯ ಪಕ್ಕ ಕೂತ. ಐರಿಷರ ಕುಣಿತದ ಮಟ್ಟುಗಳನ್ನು ಹುಟ್ಟಿದಮೇಲೆ ಕೇಳಿರಲಿಲ್ಲ. ಫೀನಿಯ ಮಟ್ಟು ನಡುದಾರಿಯಲ್ಲಿ ಬೇರೆ ಸ್ವರಕ್ಕೆ ಹೊರಳಿಕೊಂಡರೆ ಪಿಯಾನೊ ಮೊದಲು ಹಿಡಿದದ್ದನ್ನೇ ಧಬಧಬ ಕುಟ್ಟುತ್ತಿತ್ತು. ಮತ್ತೊಮ್ಮೆ ತೆಗೆಯೋಣ ಅನ್ನುವ ಪದ್ಧತಿಯೇ ಅಲ್ಲಿರಲಿಲ್ಲ. ಕಂಪನಿ ಎರಡೇ ವರ್ಷದಲ್ಲಿ ಬಾಗಿಲು ಮುಚ್ಚಿತು, ಪ್ಲೇಟುಗಳು ಉಳಿದವು.

ಐವತ್ತು ವರ್ಷ ಯಾರೂ ಅವನ್ನು ಮೂಸಿ ನೋಡಲಿಲ್ಲ. 1988ರಲ್ಲಿ ಯಾರೋ ಉತ್ಸಾಹಿಗಳು ಹಳೆಯ ಐರಿಷ್ ಪ್ಲೇಟುಗಳನ್ನೆಲ್ಲ ಗುಡ್ಡೆಹಾಕಿ ಎಲ್‌ಪಿ ತಂದರು. ಅದರಲ್ಲಿ ಫೀನಿಯ ಆರೂ ಬಂದವು. ರಟ್ಟಿನ ಹಿಂಬದಿಯಲ್ಲಿ "ಲವಲವಿಕೆಯ ಪಿಯಾನೊ ಜೊತೆಗಾರಿಕೆ" ಎಂದು ಹೊಗಳಿದ್ದರು. ಫೀನಿ ಆ ಸಾಲನ್ನು ಬೆರಳಿಟ್ಟು ನನಗೆ ಓದಿಸಿದ. ಮುಖ ಕೆಂಪಾಗಿತ್ತು.

"ನಾನು ಹೋದಮೇಲೆ ಉಳಿಯೋದು ಹದಿನೆಂಟು ನಿಮಿಷ," ಅಂದ. "ಆ ಹದಿನೆಂಟು ನಿಮಿಷದ ಮೇಲೂ ಅವನು ಬೂಟುಗಾಲಲ್ಲಿ ಓಡಾಡಿದ್ದಾನೆ. ನಾನೊಬ್ಬನೇ ನುಡಿಸಿದ್ದು ಒಂದಾದರೂ ಇರಬೇಕಿತ್ತು. ಒಂದೇ ಒಂದು."

ಪಂಕಜಳ ಜೊತೆ ಆತ ನಡೆದ ನಡಿಗೆಗಳಿಗೆ ಪ್ರತಿಯಾಗಿ ಏನಾದರೂ ಮಾಡಬೇಕೆಂದು ನಾನು ಕಾದಿದ್ದೆ. ಸಿಕ್ಕಿತು. ರೆಕಾರ್ಡ್ ನಾನು ಮಾಡುತ್ತೇನೆ ಅಂದೆ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ತಾಳ ಹಾಕುವವರೂ ಇಲ್ಲ. ಪಕ್ಕವಾದ್ಯವೇ ಇಲ್ಲದ ಸೋಲೋ. ಮಾತು ಕೊಟ್ಟೆ. ಆತ ಒಪ್ಪಿಕೊಳ್ಳಲು ಒಂದೂವರೆ ವರ್ಷ ತೆಗೆದುಕೊಂಡ. ಕೈ ಹಿಡಿತ ಸರಿಯಿಲ್ಲ, ಮೈಯಲ್ಲಿ ಕಸುವಿಲ್ಲ, ನೋಡೋಣ, ಬೇಸಿಗೆ ಬರಲಿ. ಬೇಸಿಗೆ ಬಂದರೆ ಸೆಕೆ. ಕೊನೆಗೆ 1990ರ ಫೆಬ್ರವರಿಯಲ್ಲಿ ತಾನಾಗಿಯೇ ಮೆಟ್ಟಿಲು ಹತ್ತಿ ಬಂದು, "ಈಗ ಮಾಡದಿದ್ದರೆ ಇನ್ನು ಆಗೋದಿಲ್ಲ" ಅಂದ. ಹದಿನಾರು ಮೆಟ್ಟಿಲಿಗೆ ಎರಡು ಕಡೆ ನಿಂತು ಸುಧಾರಿಸಿಕೊಂಡಿದ್ದ.

ಎರಡು ಭಾನುವಾರ ಮಧ್ಯಾಹ್ನ, ನಮ್ಮ ನಡುಮನೆಯಲ್ಲಿ. ನಾನು ಹುಟ್ಟಾ ಅಚ್ಚುಕಟ್ಟಿನ ಪ್ರಾಣಿ, ತಯಾರಿ ಜೋರಾಗಿತ್ತು. ಒಳ್ಳೆಯ ಕ್ಯಾಸೆಟ್ ಡೆಕ್ಕು, ಎರಡು ಮೈಕು. ಕಿಟಕಿಗಳಿಗೆ ರಜಾಯಿ ಇಳಿಬಿಟ್ಟೆ. ರೇಡಿಯೇಟರ್ ಬಂದ್. ಫ್ರಿಜ್ಜಿನ ಗುಂಯ್ ಸದ್ದು ಟೇಪಿನಲ್ಲಿ ಬರಬಾರದೆಂದು ಅದರ ಪ್ಲಗ್ಗನ್ನೇ ಕಿತ್ತೆ. ಹಾಲು ಕೆಡುತ್ತದೆ ಎಂದು ಪಂಕಜಾ ಗೊಣಗಿದಳು. ಕೆಡಲಿ ಅಂದೆ. ಆಮೇಲೆ, ಫ್ರಿಜ್ಜಿನ ಅದೇ ಪಾಯಿಂಟಿಗೆ ಟ್ರಾನ್ಸ್‌ಫಾರ್ಮರ್ ಸಿಕ್ಕಿಸಿ, ಅದಕ್ಕೆ ಬೆಂಗಳೂರಿನಿಂದ ಭಾವಮೈದುನ ಸುಬ್ಬು ತಂದುಕೊಟ್ಟಿದ್ದ, ಒಂದೇ ಆಧಾರ ಷಡ್ಜವನ್ನು ಎಡೆಬಿಡದೆ ನುಡಿಯುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಜೋಡಿಸಿ, ಆನ್ ಮಾಡಿದೆ.

ಇದನ್ನು ಓದುವವರಲ್ಲಿ ಸಂಗೀತ ಕಲಿತವರಿದ್ದರೆ ಅವರಿಗಾದರೂ ನನ್ನ ತಲೆ ಹೇಗೆ ಓಡಿತೆಂದು ಗೊತ್ತಾಗಬಹುದು. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಶ್ರುತಿ ಹಿಡಿಯುವ ಮೊದಲು ಕಮಾನು ಮುಟ್ಟಿದರೆ ಗೆಣ್ಣಿನ ಮೇಲೆ ಬಾರಿಸುತ್ತಿದ್ದರು. ಮೃದಂಗ ಪಕ್ಕವಾದ್ಯ, ಘಟ ಪಕ್ಕವಾದ್ಯ. ಶ್ರುತಿ ಪಕ್ಕವಾದ್ಯವಲ್ಲ, ವಾದ್ಯವೂ ಅಲ್ಲ. ಕೂರುವುದಕ್ಕೆ ನೆಲ ಇದ್ದ ಹಾಗೆ ಅದು ಇರುತ್ತದೆ. ಕಛೇರಿಗೆ ಬಂದವರನ್ನು ನೆಲ ಬೇಕೇ ಎಂದು ಯಾರಾದರೂ ಕೇಳುತ್ತಾರೆಯೇ?

ಫೀನಿ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿದ. "ಇದು ಪೂರ್ತಿ ಹೊತ್ತೂ ಹೀಗೇ ಇರುತ್ತಾ?"

"ಒಂದು ಕ್ಷಣವೂ ನಿಲ್ಲೋದಿಲ್ಲ" ಅಂದೆ. ಹೆಮ್ಮೆಯಿಂದ ಅಂದೆ.

ಪಂಕಜಾ ನನ್ನನ್ನು ಅಡುಗೆಮನೆಗೆ ಕರೆದಳು. "ರೀ, ಅವರಿಗೆ ಅದು ಬೇಕಾ ಅಂತ ಕೇಳಿದ್ರಾ? ಕೆಳಗಡೆ ಅವರು ಯಾವತ್ತೂ ಹಾಗೆ ನುಡಿಸಿಲ್ಲ."

"ಶ್ರುತಿ ಇಲ್ದೆ ಯಾರಾದ್ರೂ ರೆಕಾರ್ಡ್ ಮಾಡ್ತಾರೇನೇ? ನಿಂಗೊತ್ತಾಗಲ್ಲ, ಸುಮ್ನಿರು."

ಫೀನಿ ಹತ್ತೊಂಬತ್ತು ಮಟ್ಟು ನುಡಿಸಿದ. ಒಂದೊಂದಾದಮೇಲೂ ಪಿಟೀಲನ್ನು ತೊಡೆಯ ಮೇಲಿಟ್ಟು ಎಡಗೈ ಬೆರಳುಗಳನ್ನು ಬಲಗೈಯಿಂದ ಬಿಡಿಸಿಕೊಳ್ಳುತ್ತಿದ್ದ. ಹೆಸರೇನು ಎಂದರೆ ಕೆಲವಕ್ಕೆ ಹೆಸರಿಲ್ಲ ಅನ್ನುತ್ತಿದ್ದ, ಕೆಲವಕ್ಕೆ ತನ್ನ ಹಳ್ಳಿಯ ಯಾವುದೋ ಕುಂಟ ನೇಕಾರನ ಹೆಸರು ಹೇಳುತ್ತಿದ್ದ. ನಾನು ಹೆಡ್‌ಫೋನು ಹಾಕಿಕೊಂಡು, ಡೆಕ್ಕಿನ ಮುಳ್ಳು ಕೆಂಪು ಗೆರೆ ದಾಟದಂತೆ ಕಾಯುತ್ತಾ, ಪರಮ ಸಂತೋಷದಲ್ಲಿದ್ದೆ. ಎರಡನೇ ಭಾನುವಾರ ಮುಗಿದಾಗ ಆತನ ಅಂಗಿ ಬೆನ್ನಿಗೆ ಅಂಟಿತ್ತು. ತೋಳು ಹಿಡಿದು ಕೆಳಗಿಳಿಸಿ ಬಂದೆ.

ಮೂರು ವಾರ ಕಳೆಯುವಷ್ಟರಲ್ಲಿ ಆತನಿಗೆ ಸ್ಟ್ರೋಕ್ ಆಯಿತು. ಎಡಗೈ ಪೂರ್ತಿ ಹೋಯಿತು. ನೋರೀನ್ ಬಂದು ಬೇಯಾನಿಗೆ ಕರೆದೊಯ್ದಳು. ಪಿಟೀಲು, ಟೋಪಿ, ನನ್ನ ಎರಡು ಕ್ಯಾಸೆಟ್ಟು ಜೊತೆಗೆ ಹೋದವು. ಸದ್ಯ, ಕೆಲಸ ಆಗಿಹೋಗಿದೆ, ಆತ ಕೇಳಿದ್ದು ಆತನಿಗೆ ಸಿಕ್ಕಿದೆ ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಏಪ್ರಿಲಿನಲ್ಲಿ ಪಾರ್ಸಿಪನಿ ಊರಿಗೆ ಹೋದಾಗ, ನನಗೆಂದು ಮಾಡಿಟ್ಟುಕೊಂಡಿದ್ದ ಪ್ರತಿಯನ್ನು ಅಲ್ಲಿನ ಗೆಳೆಯ ಪಂಚಾಕ್ಷರಿಗೆ ಕೇಳಿಸಿದೆ. ಧಾರವಾಡದವನು, ಒಳ್ಳೆಯ ಕಿವಿ, ಅದಕ್ಕಿಂತ ಒಳ್ಳೆಯ ಸ್ಟೀರಿಯೊ. ಎರಡು ಮಟ್ಟು ಸುಮ್ಮನೆ ಕೇಳಿದ. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿದ.

"ಏನ್ರೀ ಇದು, ಮುದುಕ ಆ ಕಡೆ ಹೊಂಟಾನ, ನಿಮ್ಮ ಪೆಟ್ಟಿಗಿ ಇಲ್ಲೇ ಕುಂತದ. ಅಂವಾ ನಡಬರಕ ಷಡ್ಜಾನ ಬದಲ ಮಾಡ್ತಾನಲ್ರೀ. ಪೆಟ್ಟಿಗಿ ಬಂದ್ ಮಾಡ್ರಿ, ಮುದುಕನ್ನ ಕೇಳೂಣು."

"ಬಂದ್ ಮಾಡೋಕ್ಕಾಗಲ್ಲ" ಅಂದೆ. "ಅದು ಟೇಪಿನಲ್ಲೇ ಇದೆ."

ಕೈಚಾಚಿ ಟೇಪು ನಿಲ್ಲಿಸಿದೆ. ಮೊದಲು ಹಿಡಿದದ್ದನ್ನೇ ಬಿಡದೆ ಕುಟ್ಟಿದ ಆ ಪಿಯಾನೊದವನನ್ನು ಎರಡು ವರ್ಷ ಫೀನಿಯ ಜೊತೆ ಸೇರಿ ಬೈದಿದ್ದೆ. ಅವನಾದರೂ ಆಗಾಗ ಕೈ ಎತ್ತುತ್ತಿದ್ದ. ನನ್ನ ಪೆಟ್ಟಿಗೆಗೆ ಆ ಅಭ್ಯಾಸವೂ ಇಲ್ಲ. ವಾಪಸು ಡ್ರೈವ್ ಮಾಡುವಾಗ ಟೇಪು ಹಾಕಿದೆ. ಹೈವೇ ಉದ್ದಕ್ಕೂ ಪೆಟ್ಟಿಗೆಯೊಂದೇ ಕೇಳಿಸಿತು.

ಎಂಜಿನಿಯರ್ ಅಲ್ಲವೇ, ರಿಪೇರಿಗೆ ಕೂತೆ. ಫಿಲ್ಟರ್, ಈಕ್ವಲೈಸರ್, ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲ. ಪೆಟ್ಟಿಗೆಯ ದನಿ ಇಳಿಸಲು ಹೋದರೆ ಪಿಟೀಲಿನ ಮಂದ್ರತಂತಿಯೂ ಜೊತೆಗೇ ಸಾಯುತ್ತಿತ್ತು. ಎರಡು ತಿಂಗಳು ಒದ್ದಾಡಿ, ಕಣ್ಣು ಬಿಟ್ಟುಕೊಂಡು ಕೂತವನನ್ನು ಪಂಕಜಾ ಬೈದಳು. "ಅದರ ಬದಲು ಹೋಗಿ ಅವರಿಗೆ ಹೇಳಿ ಬನ್ನಿ." ನಿಂಗೊತ್ತಾಗಲ್ಲ ಅನ್ನುವ ಮುಖ ನನಗೀಗ ಇರಲಿಲ್ಲ.

ನೋರೀನಳ ಮನೆಯ ಹಿಂದಿನ ಕೋಣೆಯಲ್ಲಿ ಫೀನಿ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ಎಡಗೈ ತೊಡೆಯ ಮೇಲೆ, ಬೇರೆ ಯಾರದೋ ಕೈಯನ್ನು ತಂದಿಟ್ಟ ಹಾಗೆ. ಮಾತು ತೊದಲು, ನಿಧಾನ. ನಾನು ಕೂತವನೇ ಎಲ್ಲ ಒದರಿಬಿಟ್ಟೆ. ತಪ್ಪಾಯಿತು ಅಂದೆ. ಅಳು ಬಂದಿತ್ತು, ಬಂದಿತ್ತು ಎಂದು ಹೇಳಲು ನನಗೀಗ ಸಂಕೋಚವಿಲ್ಲ. ಕೊನೆಗೆ ಸಿಟ್ಟೂ ಬಂತು.

"ಬೇಡ ಅಂತ ಒಂದು ಮಾತು ಹೇಳಿದ್ದರೆ ಆಫ್ ಮಾಡುತ್ತಿದ್ದೆ. ಯಾಕೆ ಹೇಳಲಿಲ್ಲ?"

ಆತ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಮಾಡಿ ಇಟ್ಟುಕೊಂಡ.

"ನನ್ನ ಸಲುವಾಗಿ ನೀನು ಫ್ರಿಜ್ಜಿನ ಹಾಲನ್ನೇ ಕೆಡಿಸಿದ್ದೆ," ಅಂದ. ನಕ್ಕನೋ, ತುಟಿ ವಾಲಿದ್ದೇ ಹಾಗೆ ಕಂಡಿತೋ. ಆಮೇಲೆ ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಇಟ್ಟ. "ನಿನಗೆ ಅದನ್ನೆಲ್ಲ ತಿಳಿಸಿ ಹೇಳಬೇಕಿತ್ತು. ನನ್ನಲ್ಲಿದ್ದ ಕಸುವು ಒಂದಕ್ಕೇ ಸಾಕಾಗುತ್ತಿತ್ತು, ಎಂಜಿನಿಯರ್. ಹೇಳೋದಕ್ಕೆ, ಇಲ್ಲ ನುಡಿಸೋದಕ್ಕೆ. ನುಡಿಸಿದೆ."

ಅಷ್ಟು ಹೇಳುವುದಕ್ಕೇ ದಣಿದು ಕಣ್ಣು ಮುಚ್ಚಿದ. ನಿದ್ದೆ ಬರುವವರೆಗೂ ಕೂತಿದ್ದು ಎದ್ದು ಬಂದೆ.

ಆತ ತೀರಿಕೊಂಡದ್ದು 1991ರ ಮೇ ತಿಂಗಳಲ್ಲಿ. ಆ ವರ್ಷದ ಕೊನೆಗೆ ನೋರೀನ್ ಒಂದು ಲಕೋಟೆ ಕಳಿಸಿದಳು. ವಲಸೆ ಬಂದವರ ಸಂಗೀತವನ್ನು ಕಾಪಿಡುವ ಒಂದು ಲೈಬ್ರರಿಗೆ ಅಪ್ಪನ ಕ್ಯಾಸೆಟ್ಟುಗಳನ್ನು ಕೊಡುತ್ತಿದ್ದಾಳಂತೆ; ಫಾರಂ ತುಂಬಲು ತನಗೆ ವಿವರ ಗೊತ್ತಿಲ್ಲ, ನೀವೇ ತುಂಬಿಕೊಡಿ ಎಂದು ಬರೆದಿದ್ದಳು. ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ವಾದಕರ ಹೆಸರು: ಬಾರ್ಟ್ಲಿ ಫೀನಿ. ವಾದ್ಯ: ಪಿಟೀಲು. ಸ್ಥಳ, ತಾರೀಖು, ಯಂತ್ರ, ಮೈಕಿನ ಸಂಖ್ಯೆ. ಮಟ್ಟುಗಳು ಹತ್ತೊಂಬತ್ತು, ಹೆಸರಿದ್ದವಕ್ಕೆ ಹೆಸರು, ಇಲ್ಲದವಕ್ಕೆ ಇಲ್ಲ ಎಂದೇ ಬರೆದೆ. ಆಮೇಲೆ ಜೊತೆಗೆ ನುಡಿಸಿದವರು ಯಾರು ಎಂಬ ಸಾಲು ಬಂತು. ಅಲ್ಲೂ ಇಲ್ಲ ಎಂದೇ ಬರೆದೆ. ಪಂಕಜಾ ಎದುರು ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಆ ಕೊನೆಯ ಇಲ್ಲವನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ನನ್ನ ಹೆಸರು ಬರೆದೆ.