ಮಂಗಳವಾರ ಹತ್ತು ಗಂಟೆಯ ಪಾಠ

ಮುತ್ತಿನ ಓಲೆ ಹಾಕಿ, ತಲೆ ಬಾಚಿ, ತುಟಿಗೆ ತೆಳ್ಳಗೆ ಬಣ್ಣ ಹಚ್ಚಿಕೊಂಡ ಅರವತ್ತೆಂಟರ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಕೂತು, ಸೊಂಟ ಬಗ್ಗಿಸಿ ಅದಕ್ಕೆ ನಮಸ್ಕಾರ ಮಾಡಿದಳು. ನಾನು ಅಮೆರಿಕದ ಫೇರ್‌ಫ್ಯಾಕ್ಸಿಗೆ ಬಂದು ಆಗ ಎರಡು ತಿಂಗಳು. ಆಯುಧಪೂಜೆಯ ದಿನ ನಮ್ಮವರೂ ಕಂಪ್ಯೂಟರಿಗೆ ಕುಂಕುಮ ಇಡುತ್ತಾರೆ, ಆದರೆ ಅದು ವರ್ಷಕ್ಕೊಂದು ದಿನ. ಇವಳದು ಪ್ರತಿ ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಒಳಗಿನಿಂದ ಬಿಳಿಯ ಹೆಂಗಸೊಬ್ಬಳು ಕೈ ಬೀಸಿದಳು. ಆಮೇಲೆ ತಿಳಿಯಿತು, ನಮಸ್ಕಾರ ಪೆಟ್ಟಿಗೆಗಲ್ಲ, ಟೀಚರಿಗೆ ಎಂದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೈಸೂರಿನಲ್ಲಿ ಮೂವತ್ತೆಂಟು ವರ್ಷ ದರ್ಜಿ ಅಂಗಡಿಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿ ಬದುಕಿದವಳು. ಮಗಳು ಗೀತಾಳಿಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಕೆಲಸ. ಮೊಮ್ಮಗಳು ತನ್ವಿಯನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳಲು ಒಂದು ಜೀವ ಬೇಕಿತ್ತು, ನನ್ನನ್ನು ಕರೆಸಿಕೊಂಡಳು. ಮನೆ ನಮ್ಮ ವಠಾರದ ಹಾಗೆಯೇ, ಗೋಡೆಗೆ ಗೋಡೆ ಅಂಟಿದ ಸಾಲುಮನೆ. ವಠಾರದಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಇವತ್ತು ಏನು ಸಾರು ಎಂದು ಕೇಳುತ್ತಿದ್ದರು. ಇಲ್ಲಿ ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆ ಗಂಟೆ ಬಡಿದುಕೊಳ್ಳುತ್ತದೆ, ಮನುಷ್ಯರು ಬರುವುದಿಲ್ಲ. ಬಂದದ್ದು ಒಬ್ಬಳೇ. ಒಂದು ಕೈಯಲ್ಲಿ ಮಡಿಸುವ ಸ್ಟೂಲು, ಇನ್ನೊಂದರಲ್ಲಿ ಟವೆಲು. ಮಾತಿಲ್ಲದೆ ಸ್ಟೂಲು ಹತ್ತಿ ಟವೆಲು ಬೀಸಿ ಆ ಗಂಟೆ ನಿಲ್ಲಿಸಿದಳು. ಅವಳೇ ಪಕ್ಕದ ಮನೆಯ ಸಚಿಕೋ, ಜಪಾನಿನವಳು.

ಅವಳೂ ನನ್ನ ಹಾಗೆ ಮಗಳ ಮನೆಗೆ ಬಂದವಳು. ಮಗಳು ಯೂಕೋ, ಅಳಿಯ ಅಮೆರಿಕದವನು, ಮೊಮ್ಮಗಳು ಎಮಿ. ಎಮಿಯೂ ತನ್ವಿಯೂ ಒಂದೇ ಕ್ಲಾಸು. ಎಮಿಗೆ ಜಪಾನಿ ಬಾರದು, ಸಚಿಕೋಗೆ ಇಂಗ್ಲಿಷ್ ಬಾರದು. ನಮ್ಮಿಬ್ಬರಿಗೆ ಭಾಷೆ ಬೇಕಾಗಲಿಲ್ಲ. ಅವಳು ಎಮಿಗೆಂದು ಒಂದು ಬಟ್ಟೆ ಚೀಲ ಹೊಲಿಯುತ್ತಿದ್ದಳು. ನಾನು ಅದಕ್ಕೆ ಕಾಜಾ ಹಾಕಿಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ತಲೆಬಾಗಿದಳು. ಮೂವತ್ತೆಂಟು ವರ್ಷದಲ್ಲಿ ಯಾವ ದರ್ಜಿಯೂ ನನ್ನ ಕಾಜಾವನ್ನು ಹಾಗೆ ನೋಡಿರಲಿಲ್ಲ. ಅವಳು ಉಪ್ಪಿನಲ್ಲಿ ಹಾಕಿದ ಒಂದು ಹಣ್ಣು ಕೊಟ್ಟಳು, ಉಮೆಬೋಶಿ ಅಂತೆ, ನಮ್ಮ ಮಿಡಿಯ ಅಕ್ಕನೋ ತಂಗಿಯೋ ಇರಬೇಕು. ಮೊಸರನ್ನಕ್ಕೆ ಚೆನ್ನಾಗಿತ್ತು. ನನ್ನನ್ನು ರತ್ನ-ಸಾನ್ ಎಂದು ಕರೆಯುತ್ತಿದ್ದಳು. ಸಾನ್ ಎಂದರೆ ನಮ್ಮ 'ಅವರೇ' ಇದ್ದ ಹಾಗೆ.

ಮೇ ತಿಂಗಳಲ್ಲಿ ಸ್ಕೂಲಿನಲ್ಲಿ ಅಜ್ಜ ಅಜ್ಜಿಯರ ದಿನ. ಪ್ರತಿಯೊಬ್ಬರೂ ಮಕ್ಕಳ ಮುಂದೆ ನಿಂತು ನಾಲ್ಕು ಮಾತು ಆಡಬೇಕು. ಸಚಿಕೋಳ ಆಸೆ ಅಷ್ಟೇ, ಎಮಿಯ ಮುಂದೆ ಇಂಗ್ಲಿಷಿನಲ್ಲಿ ನಾಲ್ಕು ಮಾತು. ಅದಕ್ಕೇ ಅಳಿಯ ಈ ಪಾಠ ಗೊತ್ತುಮಾಡಿದ್ದ. ಟೀಚರ್ ಕ್ಯಾರಲ್ ಕೂತಿದ್ದದ್ದು ಅಟ್ಲಾಂಟಾದಲ್ಲಿ.

ಸಚಿಕೋಳ ಮನಸ್ಸಿಗೆ ಆ ಪಾಠ ಹಿಡಿಸಿರಲಿಲ್ಲ. ಕಲಿಯುವವಳು ಗುರುವಿನ ಮನೆಗೆ ಹೋಗಬೇಕು, ಬರಿಗೈಯಲ್ಲಿ ಹೋಗಬಾರದು, ಮನೆಯಲ್ಲಿ ಕೂತು ಗುರುವನ್ನು ಕರೆಸಿಕೊಳ್ಳುವುದು ಯಾವ ಮರ್ಯಾದೆ ಎಂದು ಯೂಕೋ ಹತ್ತಿರ ಹೇಳಿದ್ದಳಂತೆ. ಕೊನೆಗೆ ಟೀಚರಿಗೆ ಅಂಚೆಯಲ್ಲಿ ಒಂದು ಡಬ್ಬಿ ಸಿಹಿ ಕಳಿಸಿದ ಮೇಲೆಯೇ ಸಮಾಧಾನ. ಮಂಗಳವಾರ ಬಂದರೆ ಕಂಪ್ಯೂಟರಿನ ಕಣ್ಣಿಗೆ ಕಾಣುವ ಗೋಡೆ ಒರೆಸುವಳು, ಕಾಣದ ಮೂಲೆಯನ್ನೂ ಒರೆಸುವಳು. ಕಾಲು ಗಂಟೆ ಮೊದಲೇ ಕೂರುವಳು. ನಮ್ಮ ಗೀತಾ ಅಂಥದ್ದೇ ಮೀಟಿಂಗಿಗೆ ಮೇಲೆ ಶರ್ಟು, ಕೆಳಗೆ ನೈಟ್ ಪ್ಯಾಂಟು ಹಾಕಿ ಕೂರುತ್ತಾಳೆ.

ಒಬ್ಬಳೇ ಕೂತರೆ ಅಮ್ಮನಿಗೆ ಹೆದರಿಕೆ ಎಂದು ಯೂಕೋ ನನ್ನನ್ನು ಜೊತೆಗಿರಲು ಕೇಳಿದಳು. ನಾನು ಕಂಪ್ಯೂಟರಿಗೆ ಕಾಣದ ಕಡೆ ಕುರ್ಚಿ ಹಾಕಿಕೊಂಡು ಹೊಲಿಗೆ ಹಿಡಿದು ಕೂರುತ್ತಿದ್ದೆ. ಪಾಠ ಹೀಗೆ ನಡೆಯುತ್ತಿತ್ತು: ಟೀಚರ್ ಒಂದು ಪ್ರಶ್ನೆ ಕೇಳುವಳು. ಸಚಿಕೋ ಸುಮ್ಮನಿರುವಳು. ಮಾತು ಪೂರ್ತಿ ಸರಿಯಾಗಿ ಕೂಡಿಬರುವವರೆಗೆ ಅವಳು ಬಾಯಿ ಬಿಡುವವಳಲ್ಲ. ಅಷ್ಟರಲ್ಲಿ ಟೀಚರ್ ಲೈನ್ ಹೋಯಿತೆಂದು ಹಲೋ ಹಲೋ ಎನ್ನುವಳು, ತಾನೇ ಉತ್ತರ ಹೇಳಿ ಮುಂದಕ್ಕೆ ಹೋಗುವಳು. ಕೂಡಿಸಿದ್ದ ಮಾತನ್ನು ಸಚಿಕೋ ನುಂಗಿಕೊಂಡು ಎಸ್ ಎಂದು ತಲೆಬಾಗುವಳು. ಆರು ವಾರ ಇದೇ ಆಯಿತು. ನನಗೆ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಹೋದೆ.

"ಶಿ ಥಿಂಕ್. ಯು ವೇಟ್," ಎಂದೆ.

"ಹೌ ಲಾಂಗ್?" ಎಂದಳು ಕ್ಯಾರಲ್.

"ಲಾಂಗ್. ಯು ನೋ ಟಾಕ್."

ಕ್ಯಾರಲ್ ಒಳ್ಳೆಯವಳು. ಬೇಜಾರು ಮಾಡಿಕೊಳ್ಳಲಿಲ್ಲ, ಕೈಕಟ್ಟಿ ಕಾದಳು. ಸಚಿಕೋಳ ಮುಖ ಕೆಂಪಗಾಯಿತು, ನನ್ನನ್ನು ನೋಡಲಿಲ್ಲ. ಬಹಳ ಹೊತ್ತಿಗೆ ಬಾಯಿಂದ ಬಂತು: "ಐ ಆಮ್ ಎಮೀಸ್ ಗ್ರ್ಯಾಂಡ್‌ಮದರ್." ಒಂದು ತಪ್ಪಿಲ್ಲ. ಅಂದಿನಿಂದ ಟೀಚರ್ ಕಾಯುವುದನ್ನು ಕಲಿತಳು, ಸಚಿಕೋ ಮಾತು ಕಲಿತಳು. ನಾನೂ ಎದೆಯುಬ್ಬಿಸಿಕೊಂಡು ಓಡಾಡಿದೆ.

ಅಜ್ಜಿಯರ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಆ ಮಂಗಳವಾರ ನಾನಿರಲಿಲ್ಲ. ಹಲ್ಲು ಕೀಳಿಸಲು ಗೀತಾ ಆಶ್‌ಬರ್ನ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದಳು. ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಹತ್ತಕ್ಕೆ ಸರಿಯಾಗಿ ಸಚಿಕೋ ಕೂತಿದ್ದಳು. ಟೀಚರ್ ಒಂದು ಪ್ರಶ್ನೆ ಕೇಳಿದಳು. ಸಚಿಕೋ ಸುಮ್ಮನಿದ್ದಳು. ಟೀಚರ್ ಕಾದಳು. ಇನ್ನೊಂದು ಸುಲಭದ ಪ್ರಶ್ನೆ ಕೇಳಿ ಮತ್ತೆ ಕಾದಳು. ಈ ಸಲ ಬಹಳ ಯೋಚಿಸುತ್ತಿದ್ದಾಳೆ ಎಂದುಕೊಂಡಳಂತೆ. ಪಾಠ ಮುಗಿಯುವ ಹೊತ್ತಿಗೆ ಟೀಚರೇ ಬೈ ಹೇಳಿದಳು. ಸಚಿಕೋ ತಲೆಬಾಗಲಿಲ್ಲ. ಆಗ ಕ್ಯಾರಲ್‌ಗೆ ಭಯ ಹತ್ತಿತು, ಯೂಕೋಳ ಆಫೀಸಿಗೆ ಫೋನ್ ಮಾಡಿದಳು.

ಮೆದುಳಿಗೆ ಸ್ಟ್ರೋಕು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಇನ್ನೂ ಬೇಗ ಕರೆತಂದಿದ್ದರೆ ಒಳ್ಳೆಯದಿತ್ತು ಎಂದರಂತೆ ಡಾಕ್ಟರು.

ಕ್ಯಾರಲ್ ನನಗೂ ಫೋನ್ ಮಾಡಿ ಅತ್ತಳು. ನೀವು ಹೇಳಿದ ಹಾಗೆ ಕಾದೆ ಎಂದಳು. ಬೈಯಲಿಕ್ಕೆ ಹೇಳಿದ್ದಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಯೂಕೋ ಒಂದು ಮಾತು ಹೇಳಿದಳು. ಅವಳಿಗೆ ಅದು ದೊಡ್ಡದೆಂದು ಗೊತ್ತಿರಲಿಲ್ಲ. "ಆಂಟಿ, ಅಮ್ಮನ ಬ್ಲೌಸಿನ ಮೇಲಿನ ಗುಂಡಿ ಹಾಕಿರಲಿಲ್ಲ. ಯಾವತ್ತೂ ಹಾಗಿರುವವಳಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು, ಗೀತಾ ನನಗೆ ತಿಳಿಸಿದಳು. ನನಗೆ ಆಗಲೇ ಹೊಳೆಯಿತು. ಗುಂಡಿ ಹಾಕಲು ಹೋದಾಗಲೇ ಅವಳ ಬೆರಳು ಮಾತು ಕೇಳಿಲ್ಲ. ಪಾಠಕ್ಕೆ ಮೊದಲೇ ಅವಳಿಗೆ ಗೊತ್ತಾಗಿದೆ. ನಾನಾಗಿದ್ದರೆ ಬೀದಿಯವರೆಲ್ಲ ಓಡಿಬರುವ ಹಾಗೆ ಕೂಗುತ್ತಿದ್ದೆ. ಅವರಲ್ಲಿ ಮೇವಾಕು ಎಂಬ ಮಾತಿದೆ, ನಮ್ಮಿಂದ ಇನ್ನೊಬ್ಬರಿಗಾಗುವ ತೊಂದರೆ ಎಂದರ್ಥ. ಟೀಚರ್ ಕಾದು ಕೂತಿರುವಾಗ ಕೊನೆ ಗಳಿಗೆಯಲ್ಲಿ ಬರುವುದಿಲ್ಲ ಎನ್ನುವುದು ಮೇವಾಕು. ಹಾಗೆಂದೇ ಹೋಗಿ ಕೂತಿದ್ದಾಳೆ. ಕ್ಯಾರಲ್‌ಗೆ ಗುಂಡಿ ಕಂಡಿರಬಹುದು, ಅವಳಿಗೆ ಅದು ಬರೀ ಗುಂಡಿ. ನಾನು ಆ ಕುರ್ಚಿಯಲ್ಲಿದ್ದಿದ್ದರೆ ನನಗೆ ಆ ಗುಂಡಿ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ.

ಅಜ್ಜಿಯರ ದಿನ ನಾನು ಹೋದೆ. ನಾನು ತನ್ವಿಯ ಅಜ್ಜಿ ಎಂದು ನನ್ನ ನಾಲ್ಕು ಮಾತು ಹೇಳಿ ಕೂತೆ. ಎಮಿ ಅಜ್ಜಿ ಹೊಲಿದ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿ. ಎದ್ದು ಹೋಗಿ ಅಲ್ಲಿ ಕೂತೆ. ತನ್ವಿ ಮುಖ ಊದಿಸಿಕೊಂಡಳು.

ಆಗಸ್ಟಿನಲ್ಲಿ ಸಚಿಕೋಳ ಮಗ ಬಂದು ಅವಳನ್ನು ಜಪಾನಿಗೆ ಕರೆದುಕೊಂಡು ಹೋದ. ಗಾಲಿಕುರ್ಚಿಯಲ್ಲಿ ಕೂತವಳ ಬ್ಲೌಸಿನ ಗುಂಡಿಗಳನ್ನು ನಾನೇ ಹಾಕಿದೆ.

ಈಗ ಮಂಗಳವಾರ ಸಂಜೆ ಏಳಕ್ಕೆ ನಾನೂ ಎಮಿಯೂ ಅದೇ ಕಂಪ್ಯೂಟರಿನ ಮುಂದೆ ಕೂರುತ್ತೇವೆ. ಸಚಿಕೋಗೆ ಅಲ್ಲಿ ಬುಧವಾರ ಬೆಳಿಗ್ಗೆ. ಮಾತು ಬಂದಿಲ್ಲ, ಅವಳ ಭಾಷೆಯದೂ ಬಂದಿಲ್ಲ. ಮುತ್ತಿನ ಓಲೆ ಯಾರೋ ಹಾಕಿರುತ್ತಾರೆ. ಎಮಿ ಸ್ಕೂಲಿನ ವಿಷಯ ಹೇಳುತ್ತಾಳೆ, ಅವಳು ನೋಡುತ್ತಾಳೆ. ನಡುವೆ ಎಲ್ಲ ನಿಂತುಹೋದ ಹಾಗೆ ಸುಮ್ಮನಾಗುತ್ತದೆ. ನಾನು ಕಾಯುವುದಿಲ್ಲ. "ಸಚಿಕೋ, ಓಕೆ?" ಎಂದು ಕೂಗುತ್ತೇನೆ. ಅವರಲ್ಲಿ ಹಾಗೆ ಮೇಲೆ ಬಿದ್ದು ಕೇಳುವುದು ಒರಟುತನ. ಇರಲಿ. ಅವಳು ಎಡಗೈ ಎತ್ತಿ ತೋರಿಸುತ್ತಾಳೆ. ಎರಡು ನಿಮಿಷಕ್ಕೆ ಮತ್ತೆ ಕೇಳುತ್ತೇನೆ, ಮತ್ತೆ ಎತ್ತುತ್ತಾಳೆ.

ಮೈಸೂರಿನಿಂದ ತಂಗಿ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಅಕ್ಕಾ, ಊರಿಗೆ ಯಾವಾಗ ಬರ್ತೀಯೇ? ಅಲ್ಲಿ ನಿಂಗೆ ಅಂತ ಯಾರಿದಾರೆ?" ಮಗಳು, ಮೊಮ್ಮಗಳು ಇದ್ದಾರೆ ಎನ್ನುತ್ತೇನೆ. ಗೆಳತಿ ಅಂತ ಒಬ್ಬಳಿದ್ದಳು, ಅವಳು ಈಗ ಜಪಾನಿನಲ್ಲಿದ್ದಾಳೆ. ಊರಿಗೆ ಹೋದರೆ ಮಂಗಳವಾರ ಏಳು ಗಂಟೆಗೆ ಅವಳನ್ನು ಕೂಗಿ ಕೇಳುವವರು ಯಾರು? ಇದನ್ನು ತಂಗಿಗೆ ಹೇಳಲು ಹೋಗುವುದಿಲ್ಲ. ಸುಮ್ಮನಿರುತ್ತೇನೆ. ಅವಳು ಅಲ್ಲಿಂದ ಹಲೋ, ಹಲೋ, ಲೈನ್ ಹೋಯ್ತೇನೋ ಎನ್ನುತ್ತಾಳೆ.