ಓಝರಿನ ಭಾನುವಾರದ ಕೊಲೆಗಳು

ಮೊನ್ನೆ ಕಪಾಟಿನ ಮೇಲಿದ್ದ ಹಳೆಯ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಒಳಗಿನಿಂದ ಕಾರ್ಬನ್ ಕಾಗದದ ವಾಸನೆ ಬಂತು. ಸ್ವಲ್ಪ ಮೇಣ, ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ನೀಲಿ ಬಣ್ಣ. ನೀಲಿ ಬಣ್ಣಕ್ಕೂ ವಾಸನೆ ಇರುತ್ತದೆಯೇ ಎಂದು ನೀವು ಕೇಳಿದರೆ, ನೀವು ಕಾರ್ಬನ್ ಇಟ್ಟು ಪ್ರತಿ ತೆಗೆದವರಲ್ಲ ಎಂದಷ್ಟೇ ಹೇಳಬಲ್ಲೆ. ನನ್ನ ಮೊಮ್ಮಗಳು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು "ಆಜೋಬಾ, ಹೇ ಕಾಯ್?" ಎಂದು, ಇದೇನೆಂದು ಕೇಳಿದಳು. ನಾಸಿಕದಲ್ಲೇ ಹುಟ್ಟಿದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. "ಇದರ ಮ್ಯಾಲೆ ನಾವು ಖೂನಿ ಮಾಡ್ತಿದ್ದಿವಿ" ಎಂದೆ. ಅವಳು ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟು ಕೈ ತೊಳೆಯಲು ಹೋದಳು.

ನಾನು ಹೇಳಿದ್ದು ಸುಳ್ಳಲ್ಲ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡ ಬಿಟ್ಟು ಬಂದು ನಾಸಿಕದ ಪಕ್ಕದ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿರಲಿಲ್ಲ. ಮೆಸ್ಸಿನ ಊಟಕ್ಕಿಂತ ಕನ್ನಡದ ಹಸಿವು ಹೆಚ್ಚಾಗಿತ್ತು. ಅಂಥ ದಿನಗಳಲ್ಲಿ ಟೂಲ್ ರೂಮಿನ ಎಂಜಿನಿಯರ್ ಗುರುಲಿಂಗಪ್ಪನವರು ಒಮ್ಮೆ ನನ್ನ ಹೆಗಲ ಮೇಲೆ ಕೈಹಾಕಿ, "ತಮ್ಮಾ, ಐತವಾರ ಮನೀಗಿ ಬಾ. ಒಂದು ಖೂನಿ ಅದ" ಎಂದರು. ಕಲಬುರಗಿಯ ಕಡೆಯ ಮನುಷ್ಯ. ದಪ್ಪ ಮೀಸೆ, ಇರುವೆಯನ್ನೂ ದಾಟಿಕೊಂಡು ಹೋಗುವ ಸ್ವಭಾವ. ಈ ಮನುಷ್ಯ ಪತ್ತೇದಾರಿ ಕಾದಂಬರಿ ಬರೆಯುತ್ತಾರೆಂದು ನನಗೆ ಆಮೇಲೆ ತಿಳಿಯಿತು.

ಭಾನುವಾರ ಮಧ್ಯಾಹ್ನ ಅವರ ಕ್ವಾರ್ಟರ್ಸಿನ ಹೊರಕೋಣೆಯಲ್ಲಿ ಜಮಖಾನೆ ಹಾಸಿರುತ್ತಿತ್ತು. ನಾಸಿಕದ ಪಂಚವಟಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬೀದರಿನ ಶಿವರಾಜಪ್ಪನವರು ಊಟ ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದರು. ಗುರುಲಿಂಗಪ್ಪನವರು ಹೊಸ ಅಧ್ಯಾಯವನ್ನು ಓದುತ್ತಿದ್ದರು; ಆಮೇಲೆ ಕಾರ್ಬನ್ ಇಟ್ಟು ಅದರ ಪ್ರತಿ ತೆಗೆಯುವುದು ನನ್ನ ಕೆಲಸ. ಓದಿ ಮುಗಿದ ಮೇಲೆ ಕೂತವರೆಲ್ಲ ಕೊಲೆಗಾರ ಯಾರೆಂದು ಹೇಳಬೇಕು. ಕಡೆಯ ಅಧ್ಯಾಯಕ್ಕೆ ಮೊದಲೇ ಯಾರಾದರೂ ಸರಿಯಾಗಿ ಹೇಳಿಬಿಟ್ಟರೆ ಬರೆದವರು ಕೊಲೆಗಾರನನ್ನು ಬದಲಿಸಬೇಕು. ಇದು ನಮ್ಮ ಕೂಟದ ಕಾನೂನು. ಕಾರ್ಖಾನೆಯಲ್ಲಿ ತಪಾಸಣೆಗೆ ನಿಲ್ಲದ ಬಿಡಿಭಾಗವನ್ನು ಮತ್ತೆ ಮಾಡುವ ಹಾಗೆ ಎಂದು ಗುರುಲಿಂಗಪ್ಪನವರೇ ಮಾಡಿದ್ದು.

ನನ್ನಿಂದ ಮತ್ತು ಶಿವರಾಜಪ್ಪನವರಿಂದ ಅವರಿಗೇನೂ ಭಯವಿರಲಿಲ್ಲ. ಶಿವರಾಜಪ್ಪನವರು ವ್ಯಾಪಾರಸ್ಥರು, ಅಂಗಡಿಯ ಲೆಕ್ಕ ಬರೆಯುವವರನ್ನು ನಂಬದವರು. ಕಥೆಯಲ್ಲಿ ಯಾರೇ ಸತ್ತರೂ "ಮುನೀಮನ್ನ ಹಿಡೀರಿ" ಎನ್ನುತ್ತಿದ್ದರು. ಕಥೆಯಲ್ಲಿ ಮುನೀಮನೇ ಇಲ್ಲದಿದ್ದರೆ, ಅವನನ್ನು ಬಚ್ಚಿಟ್ಟಿದ್ದೀರಿ ಎಂದು ಜಗಳ. ನಾನೋ, ನೀಳಕೂದಲ ಹೆಣ್ಣೊಬ್ಬಳು ಬಂದಳೆಂದರೆ ಅವಳನ್ನು ಬಿಟ್ಟು ಊರನ್ನೆಲ್ಲ ಜೈಲಿಗೆ ಹಾಕುತ್ತಿದ್ದೆ. ಭಯವಿದ್ದದ್ದು ಒಳಗಿನಿಂದ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತೆಂದರೆ ಗುರುಲಿಂಗಪ್ಪನವರ ಮುಖ ಇಳಿಯುತ್ತಿತ್ತು. ಅವರ ಹೆಂಡತಿ ಶರಣಮ್ಮನವರು ಅಲ್ಲಿಂದಲೇ, "ವಕೀಲ ಅದಾನ್ರಿ, ಬ್ಯಾರೆ ಯಾರೂ ಅಲ್ಲ" ಎನ್ನುತ್ತಿದ್ದರು. ಮತ್ತೆ ತಟ್ಟುವ ಸದ್ದು. ವಕೀಲನೇ ಆಗಿರುತ್ತಿದ್ದ.

ಒಮ್ಮೆ ನಾನು ತಡೆಯಲಾರದೆ ಕೇಳಿಯೇ ಬಿಟ್ಟೆ: "ವೈನಿ, ನಿಮಗ ಹೆಂಗ ತಿಳೀತದ?"

"ಅದರಾಗೇನದರಿ? ಇವರು ಯಾರಿಗಿ ಗಲ್ಲಿಗೆ ಹಾಕಬೇಕಂತಾರ, ಅವರಿಗಿ ಮೊದಲ ಛಂದಾಗಿ ಉಪಚಾರ ಮಾಡ್ತಾರ. ವಕೀಲಗ ಮೂರನೇ ಅಧ್ಯಾಯದಾಗ ಚಹಾ ಕುಡಿಸ್ಯಾರ. ನಾಕನೇದಾಗ ಥಂಡಿ ಅದ ಅಂತ ಶಾಲು ಹೊಚ್ಚ್ಯಾರ. ಪಾಪ, ಮುಂದ ಸಾಯಾಂವ ಅಂತ ಇವರಿಗಿ ಮರುಕ."

ಗುರುಲಿಂಗಪ್ಪನವರು ಹಾಳೆಗಳನ್ನು ತಿರುವಿ ನೋಡಿದರು. ಶಾಲು ಇತ್ತು.

ಇದೇನೂ ಬರಿಯ ನಗೆಚಾಟಿಕೆಯಾಗಿರಲಿಲ್ಲ. ತಿಂಗಳಿಗೊಂದು ಪತ್ತೇದಾರಿ ಕಾದಂಬರಿ ಹೊರತರುವ ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಗುರುಲಿಂಗಪ್ಪನವರ ಮೊದಲ ಕಾದಂಬರಿಯನ್ನು ಹಿಂದಕ್ಕೆ ಕಳಿಸಿದ್ದರು. ಕೊಲೆಗಾರ ಅರ್ಧದಲ್ಲೇ ಗೊತ್ತಾಗುತ್ತಾನೆ ಎಂಬುದು ಅವರ ತಕರಾರು. "ಇದೊಂದು ಸಲ ನೋಡ್ತೀನಿ. ಇದೂ ವಾಪಸ್ ಬಂದರ ಪೆನ್ನು ಮುಚ್ಚಿ ಇಡ್ತೀನಿ" ಎಂದಿದ್ದರು ಗುರುಲಿಂಗಪ್ಪನವರು. ಅದರ ಹಿಂದೆ ಇನ್ನೊಂದು ಆಸೆಯೂ ಇತ್ತು. "ಪ್ರಕಾಶಕರು ಹಾಳಾಗ್ಲಿ ತಮ್ಮಾ, ಒಂದ್ಸಲರೆ ಇಕಿಗಿ ಮೋಸ ಮಾಡಬೇಕು ನಾ" ಎಂದು ನನ್ನೊಬ್ಬನ ಹತ್ತಿರ ಹಲ್ಲು ಕಚ್ಚಿ ಹೇಳಿದ್ದರು.

ಹೊಸ ಕಾದಂಬರಿಯಲ್ಲಿ ಔರಂಗಾಬಾದಿನ ಶ್ರೀಮಂತನೊಬ್ಬ ದೌಲತಾಬಾದ್ ಕೋಟೆಯ ಕತ್ತಲ ಸುರಂಗದಲ್ಲಿ ಸತ್ತು ಬಿದ್ದಿರುತ್ತಾನೆ. ಮೈಮೇಲೆ ಒಂದು ಗಾಯವೂ ಇಲ್ಲ. ಗುರುಲಿಂಗಪ್ಪನವರು ಎಂಜಿನಿಯರು, ಜಾಗ ನೋಡದೆ ಹೆಣ ಇಡುವವರಲ್ಲ. ಸರಿ, ನಾವು ನಾಲ್ವರೂ ರೊಟ್ಟಿಗಂಟು ಕಟ್ಟಿಕೊಂಡು ಎಸ್‌ಟಿ ಬಸ್ಸಿನಲ್ಲಿ ಹೊರಟೆವು. ಸುರಂಗದಲ್ಲಿ ಬಾವಲಿಗಳ ನಾತ. ಶಿವರಾಜಪ್ಪನವರು ಹೊಸ ಧೋತರ ಉಟ್ಟು ಬಂದಿದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನಾನು ಕೊಲೆಗಾರನ ಪಾತ್ರದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಷ್ಟರಲ್ಲಿ ದೀವಟಿಗೆ ಹಿಡಿದ ಕಾವಲುಗಾರ ಬಂದ. ಗುರುಲಿಂಗಪ್ಪನವರು ತಮ್ಮ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, ಬಹಳ ವಿನಯದಿಂದ, ಇಲ್ಲಿ ಒಬ್ಬನನ್ನು ಕೊಂದರೆ ಹೊರಗೆ ಕೇಳಿಸುತ್ತದೆಯೇ ಎಂದು ಕೇಳಿದರು.

ಮುಂದಿನದನ್ನು ನೀವೇ ಊಹಿಸಬಲ್ಲಿರಿ. ನಾವು ಕೋಟೆಯ ಬಾಗಿಲ ಚೌಕಿಯಲ್ಲಿ ಸಾಲಾಗಿ ಕೂತಿದ್ದೆವು. ನಾವು ಕಥೆ ಬರೆಯುವವರು ಎಂದು ನಂಬಿಸಲು ಗುರುಲಿಂಗಪ್ಪನವರು ಕಾದಂಬರಿಯನ್ನು ಮೊದಲಿನಿಂದ ಹೇಳಬೇಕಾಯಿತು. ಹವಾಲ್ದಾರ ಮೊದಲು ನಿಂತು ಕೇಳಿದ, ಆಮೇಲೆ ಕೂತ, ಆಮೇಲೆ ಬೀಡಿ ಆರಿದ್ದನ್ನೂ ಮರೆತ. ಕಡೆಗೆ ಮುಂದಕ್ಕೆ ಬಾಗಿ, ಹಾಗಾದರೆ ಕೊಂದವರು ಯಾರು ಎಂದು ಕೇಳಿದ. ಗುರುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. ಮೂಲೆಯಲ್ಲಿ ರೊಟ್ಟಿಗಂಟು ಹಿಡಿದು ಕೂತಿದ್ದ ಶರಣಮ್ಮನವರು "ಅವನ ಅಳಿಯ" ಎಂದುಬಿಟ್ಟರು. ಹವಾಲ್ದಾರ ತೊಡೆ ತಟ್ಟಿಕೊಂಡು ನಕ್ಕು ನಮ್ಮನ್ನು ಬಿಟ್ಟ. ನಮ್ಮ ಕಾನೂನಿನಂತೆ ಅಳಿಯನೂ ಹೋದ.

ವಾಪಸ್ ಬರುವಾಗ ಗುರುಲಿಂಗಪ್ಪನವರು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ನಿಜಕ್ಕೂ ಕುಗ್ಗಿದ್ದರು. ಅದನ್ನು ನೋಡಿ ಶರಣಮ್ಮನವರಿಗೂ ತಡೆಯಲಾಗಲಿಲ್ಲ. "ನಿಮಗ ಗೊತ್ತಿರ್ತದ, ಅದಕ್ಕ ನನಗ ಗೊತ್ತಾಗ್ತದ. ಒಂದು ಕೆಲಸ ಮಾಡ್ರಿ. ಖೂನಿ ಮಾಡಿದವರು ಯಾರಂತ ನೀವೂ ತಿಳಕೋಬ್ಯಾಡ್ರಿ. ಎಲ್ಲಾ ನೀವು ಬರೀರಿ, ಕಡೀ ಅಧ್ಯಾಯ ಒಂದು ನನಗ ಬಿಡ್ರಿ" ಎಂದರು. ಶಿವರಾಜಪ್ಪನವರು ಇದೆಂಥ ವ್ಯವಹಾರ ಎಂದು ಹುಬ್ಬೇರಿಸಿದರು. ಗುರುಲಿಂಗಪ್ಪನವರು ಕಿಟಕಿಯಿಂದ ತಲೆ ಎತ್ತಿದರು.

ಆ ಮೇಲಿನ ಭಾನುವಾರಗಳು ನಮ್ಮ ಕೂಟದ ಸುಗ್ಗಿ. ಯಾರು ಕೊಲೆಗಾರ ಎಂಬುದು ತಮಗೇ ಗೊತ್ತಿಲ್ಲವಾದ್ದರಿಂದ ಗುರುಲಿಂಗಪ್ಪನವರು ಎಲ್ಲರ ಮೇಲೂ ಮರುಕಪಟ್ಟರು. ಡಾಕ್ಟರಿಗೆ ಚಹಾ, ಅಳಿಯನಿಗೆ ಚಹಾ, ವಿಚಾರಣೆಗೆ ಬಂದ ಇನ್‌ಸ್ಪೆಕ್ಟರಿಗೂ ಚಹಾ. ಇಷ್ಟು ಚಹಾ ಕುಡಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿರಲಾರದು.

ಕಡೆಯ ಅಧ್ಯಾಯದ ಭಾನುವಾರ ಬಂತು. ಓದುವ ಮುಂಚೆ ಕಾನೂನಿನಂತೆ ಎಲ್ಲರೂ ಹೆಸರು ಹೇಳಬೇಕು. ಈ ಸಲ ಗುರುಲಿಂಗಪ್ಪನವರೂ. ಶಿವರಾಜಪ್ಪನವರು ಮುನೀಮ ಎಂದರು. ನಾನು ಇನ್‌ಸ್ಪೆಕ್ಟರ್ ಎಂದೆ. ಗುರುಲಿಂಗಪ್ಪನವರು ಮೀಸೆ ನೀವಿಕೊಂಡು, ಬಹಳ ಹೊತ್ತು ಯೋಚಿಸಿ, "ಡಾಕ್ಟರ್" ಎಂದರು. ಶರಣಮ್ಮನವರು ನಮ್ಮೆಲ್ಲರ ಮುಂದೆ ಚಹಾದ ಲೋಟ ಇಟ್ಟು, ಸೆರಗು ಸರಿಮಾಡಿಕೊಂಡು, ಮೊದಲ ಸಲ ಆ ಜಮಖಾನೆಯ ಮೇಲೆ ಕೂತು ಓದಿದರು.

ಶ್ರೀಮಂತನನ್ನು ಸುರಂಗದಲ್ಲಿ ಯಾರೂ ಕೊಂದಿರಲಿಲ್ಲ. ಕೋಟೆಗೆ ಹೊರಡುವ ಮುಂಚೆ ಮನೆಯಲ್ಲಿ ಕುಡಿದ ಚಹಾದಲ್ಲಿ ವಿಷವಿತ್ತು. ಪ್ರತಿ ಅಧ್ಯಾಯದಲ್ಲೂ ಒಬ್ಬ ಹೆಂಗಸು ಚಹಾ ತಂದಿಟ್ಟು ಹೋಗುತ್ತಿದ್ದಳು. ಅವಳು ಸತ್ತವನ ಹೆಂಡತಿ. ಇನ್‌ಸ್ಪೆಕ್ಟರ್ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬರೆದವರು ಅವಳಿಗೊಂದು ಹೆಸರನ್ನೂ ಇಟ್ಟಿರಲಿಲ್ಲ.

ಓದು ಮುಗಿಯಿತು. ಶಿವರಾಜಪ್ಪನವರು ಬಾಯಿಯ ಹತ್ತಿರ ಒಯ್ದಿದ್ದ ಲೋಟವನ್ನು ಹಾಗೇ ಕೆಳಗಿಟ್ಟರು. ಶರಣಮ್ಮನವರು, "ಕುಡೀರಿ, ನಿಮ್ಮದರಾಗ ಸಕ್ಕರಿ ಅಷ್ಟ ಹಾಕೀನಿ" ಎಂದರು. ಗುರುಲಿಂಗಪ್ಪನವರು "ನಾ ಸೋತೆ" ಎಂದು ಎರಡೂ ಕೈ ಎತ್ತಿದರು. ಶರಣಮ್ಮನವರ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ಬೇರೆ ಯಾವ ಲೇಖಕರ ಮುಖದಲ್ಲೂ ಕಂಡಿಲ್ಲ.

ಮರುದಿನ ಕಾರ್ಖಾನೆಯ ಬಸ್ಸಿನಲ್ಲಿ ಗುರುಲಿಂಗಪ್ಪನವರು ನನ್ನ ಪಕ್ಕ ಕೂತು ದನಿ ತಗ್ಗಿಸಿದರು. "ನನಗ ಗೊತ್ತಿತ್ತು ತಮ್ಮಾ. ಆಕಿ ಅಧ್ಯಾಯ ಬರೆಯೋ ವಾರ ಪೂರಾ, ಚಹಾ ಕೊಡುವಾಗೆಲ್ಲಾ ನನ್ನ ಮಾರಿ ನೋಡಿ ನಗತಿದ್ಲು."

"ಮತ್ತ ಡಾಕ್ಟರ್ ಅಂದಿರಲ್ರಿ?"

"ಖರೇ ಹೇಳಿದ್ದರ ಕಾನೂನು ಪ್ರಕಾರ ಬದಲಿ ಮಾಡಬೇಕಾಗ್ತಿತ್ತು. ಅಷ್ಟು ಛಲೋ ಬರೆದದ್ದು ಹರೀಲಿಕ್ಕೆ ಮನಸ್ಸು ಬರ್ತದೇನು? ಯಾರ ಮುಂದೂ ಅನಬ್ಯಾಡ." ಇಲ್ಲವೆಂದು ಮಾತು ಕೊಟ್ಟೆ. ಅವರು "ಕಡೀಗೂ ಮೋಸ ಮಾಡಿದೆ ನೋಡು. ಆದರ ಹೇಳಿಕೊಳ್ಳೂ ಹಂಗಿಲ್ಲ" ಎಂದು ಮೀಸೆಯಲ್ಲೇ ನಕ್ಕರು.

ಪುಸ್ತಕ ಅಚ್ಚಾಯಿತು. ಇಬ್ಬರ ಹೆಸರೂ ಇರಲೇಬೇಕೆಂದು ಗುರುಲಿಂಗಪ್ಪನವರು ಹಟ ಹಿಡಿದರು, ಇದ್ದವು. ಆಮೇಲೂ ಹಲವು ಕಾದಂಬರಿಗಳು ಬಂದವು, ಕಡೆಯ ಅಧ್ಯಾಯ ಯಾವಾಗಲೂ ಶರಣಮ್ಮನವರದೇ. ನಿವೃತ್ತಿಯಾದ ಮೇಲೆ ದಂಪತಿಗಳು ಔರಂಗಾಬಾದಿನಲ್ಲಿದ್ದ ಮಗಳ ಹತ್ತಿರ ಹೋದರು. ಗುರುಲಿಂಗಪ್ಪನವರು ತೀರಿಕೊಂಡೇ ಎಷ್ಟೋ ವರ್ಷಗಳಾದವು.

ಟ್ರಂಕು ಮುಚ್ಚಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಬಸ್ಸು ಹತ್ತಿದೆ. ಔರಂಗಾಬಾದಿಗೆ ಈಗ ಸಂಭಾಜಿನಗರ ಎಂದು ಹೆಸರು. ಕಂಡಕ್ಟರಿಗೆ ನಾನು ಹಳೆಯ ಹೆಸರನ್ನೇ ಹೇಳಿದೆ, ಅವನೇನೂ ಅನ್ನದೆ ಟಿಕೆಟ್ ಕೊಟ್ಟ. ಶರಣಮ್ಮನವರು ಹಣ್ಣಾಗಿದ್ದಾರೆ, ಆದರೆ ಮಾತು ಅದೇ. ಹಳೆಯದೆಲ್ಲ ನೆನೆಯುತ್ತ, "ಅವರು ಡಾಕ್ಟರ್ ಅಂದಾಗ ನನಗ ಎಷ್ಟು ಖುಷಿ ಆಗಿತ್ತರಿ! ನನ್ನ ಖೂನಿ ಅವರಿಗೂ ತಿಳೀಲಿಲ್ಲ" ಎಂದರು.

ನಾನು ತಡವರಿಸಿದೆ. ಕೊಟ್ಟ ಮಾತು ಒಂದು ಕಡೆ, ಈ ಖುಷಿ ಇನ್ನೊಂದು ಕಡೆ. ಆದರೆ ಜೀವಮಾನದಲ್ಲಿ ಒಂದೇ ಸಲ ಗೆದ್ದ ಮನುಷ್ಯನ ಗೆಲುವು ನನ್ನ ಜೊತೆ ಸುಟ್ಟುಹೋಗುವುದು ನನಗೆ ಬೇಡವಾಗಿತ್ತು. ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವತನಕ ನಕ್ಕರು. "ಅಂದರ ನನಗ ಮೋಸ ಮಾಡ್ಯಾರ ಅನ್ರಿ."

"ಹೌದ್ರಿ ವೈನಿ."

"ಹೇಳಿಕೊಳ್ಳಲಾರದ ಎಷ್ಟು ಒದ್ದಾಡಿರಬೇಕು ಪಾಪ." ಕಣ್ಣೊರೆಸಿಕೊಂಡು ನನ್ನ ಹತ್ತಿರ ಸರಿದು ಕೂತರು. "ಇನ್ನೊಮ್ಮೆ ಹೇಳ್ರಿ. ಬಸ್ಸಿನ್ಯಾಗ ನಿಮ್ಮ ಬಾಜೂ ಕೂತರಲ್ಲ, ಅಲ್ಲಿಂದ ಹೇಳ್ರಿ."

ನಾನು ಅಲ್ಲಿಂದಲೇ ಹೇಳಿದೆ. ಅವರು ಮುಂದಿನದೇನೂ ಗೊತ್ತಿಲ್ಲದವರ ಹಾಗೆ ಕೇಳುತ್ತ ಕೂತರು.